ಎಲ್.ಎಸ್.ಸಿ.ಎಸ್. ಎಂಬ ನಾಲ್ಕಕ್ಷರದ ಚರಿತ್ರೆ

ಕಳೆದ ತಿಂಗಳು ರಕ್ಷಕ-ಶಿಕ್ಷಕ ಸಭೆ ಮುಗಿದು ಎಲ್ಲರೂ ಹೊರಟ ಮೇಲೂ ಒಬ್ಬಳು ಬೆಂಚಿನಲ್ಲಿ ಕೂತೇ ಇದ್ದಳು. ನನ್ನ ಹಳೆಯ ವಿದ್ಯಾರ್ಥಿನಿ. ಅವಳ ಮಗ ಈಗ ನಮ್ಮಲ್ಲೇ ಎರಡನೇ ತರಗತಿ. ಬ್ಯಾಗಿನಿಂದ ಮಡಚಿ ಮಡಚಿ ಸವೆದ ಒಂದು ಕಾಗದ ತೆಗೆದಳು.

"ಟೀಚರೇ, ಇದರಲ್ಲಿ ಏನು ಬರೆದಿದ್ದಾರೆ ಅಂತ ಒಮ್ಮೆ ನೋಡ್ತೀರಾ?"

ಮಗ ಹುಟ್ಟಿದಾಗಿನ ಡಿಸ್ಚಾರ್ಜ್ ಕಾರ್ಡು. ಇಂಗ್ಲಿಷಿನಲ್ಲಿತ್ತು. ಗಡಿನಾಡಿನ ನಮ್ಮ ಪಾಡು ನಿಮಗೆ ಗೊತ್ತೇ ಇದೆ. ಪಂಚಾಯತಿನ ಕಾಗದ ಮಲಯಾಳದಲ್ಲಿ, ಆಸ್ಪತ್ರೆಯ ಕಾಗದ ಇಂಗ್ಲಿಷಿನಲ್ಲಿ, ಕಲಿತದ್ದು ಕನ್ನಡದಲ್ಲಿ. ಹಾಗಾಗಿ ಮೇಷ್ಟ್ರು, ಟೀಚರುಗಳೆಂದರೆ ಊರಿನ ಅರ್ಜಿ ಓದುವವರೂ ಹೌದು.

ಅವಳೀಗ ಏಳು ತಿಂಗಳ ಬಸುರಿ. ಮೊದಲನೆಯದು ಸಿಸೇರಿಯನ್. ಎರಡನೆಯದಕ್ಕೆ ದಿನ ನೋಡಿ ಆಪರೇಶನ್ ಮಾಡಿಸಿಬಿಡೋಣ ಎಂದು ಅತ್ತೆ. ಒಮ್ಮೆ ನೋವು ಬರಲಿ, ನಾರ್ಮಲ್ ಆಗುತ್ತದೋ ನೋಡೋಣ ಎಂದು ಇವಳ ಆಸೆ. ಕಾರ್ಡಿನ ಮಧ್ಯದಲ್ಲಿ ಎಲ್.ಎಸ್.ಸಿ.ಎಸ್. ಎಂಬ ನಾಲ್ಕು ಅಕ್ಷರ. ನಾನು ವೈದ್ಯಳಲ್ಲ, ಸಮಾಜ ಪಾಠ ಮಾಡುವವಳು. ಆದರೆ ಈ ಅಕ್ಷರಗಳ ಹಿಂದೆ ಒಂದು ದೊಡ್ಡ ಚರಿತ್ರೆಯೇ ಇದೆ. ಅವಳಿಗೆ ಅಂದು ಹೇಳಿದ್ದನ್ನು, ಆಮೇಲೆ ಓದಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಜೂಲಿಯಸ್ ಸೀಸರ್ ಹೊಟ್ಟೆ ಕೊಯ್ದು ಹುಟ್ಟಿದವನು, ಅದಕ್ಕೇ ಸಿಸೇರಿಯನ್ ಎಂಬ ಹೆಸರು ಎಂದು ಮಕ್ಕಳಿಗೆ ಹೇಳುವವರಿದ್ದಾರೆ. ಅದು ಸರಿಯಾಗಲಾರದು. ಆ ಕಾಲದಲ್ಲಿ ಹೊಟ್ಟೆ ಕೊಯ್ಯುತ್ತಿದ್ದದ್ದು ಸತ್ತ ಅಥವಾ ಸಾಯುತ್ತಿರುವ ಬಸುರಿಗೆ ಮಾತ್ರ. ಸೀಸರನ ತಾಯಿ ಅರೇಲಿಯಾ ಮಗ ದೊಡ್ಡ ಸೇನಾಪತಿಯಾಗುವವರೆಗೂ ಬದುಕಿದ್ದಳು. ಇನ್ನೊಂದು ಕಥೆ ಸ್ವಿಟ್ಜರ್ಲೆಂಡಿನದು. 1500ರ ಸುಮಾರಿಗೆ ಯಾಕೊಬ್ ನೂಫರ್ ಎಂಬ, ಹಂದಿಗಳ ಬೀಜ ಒಡೆಯುವ ಕಸುಬಿನವನು ತನ್ನ ಹೆಂಡತಿಯ ಹೊಟ್ಟೆ ತಾನೇ ಕೊಯ್ದು ಮಗು ತೆಗೆದನಂತೆ. ಆಕೆ ಬದುಕಿ, ಮುಂದೆ ಹಲವು ಮಕ್ಕಳನ್ನು ಸಹಜವಾಗಿಯೇ ಹೆತ್ತಳಂತೆ. ಎಂಟು ದಶಕದ ನಂತರ ಬರಹಕ್ಕೆ ಬಂದ ಈ ಕಥೆಯನ್ನು ಇತಿಹಾಸಕಾರರು ಅಷ್ಟಾಗಿ ನಂಬುವುದಿಲ್ಲ. ಆದರೂ ನೋಡಿ, ಬದುಕುಳಿದ ತಾಯಿಯ ಮೊದಲ ಸಿಸೇರಿಯನ್ ಕಥೆಯಲ್ಲೇ "ಮುಂದಿನ ಹೆರಿಗೆ ಹೇಗೆ?" ಎಂಬ ಪ್ರಶ್ನೆಯೂ ಇದೆ!

ನಿಜವಾಗಿ ತಾಯಂದಿರು ಬದುಕಲು ಶುರುವಾದದ್ದು 19ನೇ ಶತಮಾನದ ಕೊನೆಗೆ. ಅಲ್ಲಿಯವರೆಗೆ ಗರ್ಭಕೋಶವನ್ನು ಕೊಯ್ದ ಮೇಲೆ ಹೊಲಿಯುತ್ತಿರಲಿಲ್ಲ ಎಂದರೆ ನಂಬುತ್ತೀರಾ? ಅದು ತಾನಾಗಿಯೇ ಮುದುಡಿ ಕೂಡಿಕೊಳ್ಳುತ್ತದೆ, ಒಳಗೆ ದಾರ ಬಿಟ್ಟರೆ ಕೀವಾಗುತ್ತದೆ ಎಂದು ವೈದ್ಯರ ನಂಬಿಕೆ. ಹೆಂಗಸರು ರಕ್ತ ಹೋಗಿ ಇಲ್ಲವೇ ನಂಜೇರಿ ಸಾಯುತ್ತಿದ್ದರು. 1876ರಲ್ಲಿ ಇಟಲಿಯ ಪೊರೊ ಮಗುವನ್ನು ತೆಗೆದ ಮೇಲೆ ಗರ್ಭಕೋಶವನ್ನೇ ಕತ್ತರಿಸಿ ತೆಗೆದು ತಾಯಿಯನ್ನು ಉಳಿಸಿದ. ಆಕೆಗೆ ಮತ್ತೊಂದು ಹೆರಿಗೆಯ ಮಾತೇ ಇಲ್ಲ. 1882ರಲ್ಲಿ ಜರ್ಮನಿಯ ಲೈಪ್‌ಜಿಗ್‌ನ ಮ್ಯಾಕ್ಸ್ ಸೆಂಗರ್ ಗರ್ಭಕೋಶವನ್ನು ಪದರ ಕೂಡಿಸಿ ಹೊಲಿಯುವ ವಿಧಾನ ಹೇಳಿಕೊಟ್ಟ. ತಾಯಿಯೂ ಉಳಿದಳು, ಗರ್ಭಕೋಶವೂ ಉಳಿಯಿತು. ಹೊಲಿದ ಗರ್ಭಕೋಶದಲ್ಲಿ ಮತ್ತೊಂದು ಮಗು ಬೆಳೆದರೆ ಆ ಹೊಲಿಗೆ ತಡೆಯುತ್ತದೆಯೇ ಎಂಬ ಸಮಸ್ಯೆ ಹುಟ್ಟಿದ್ದು ಅಲ್ಲಿಂದ.

1916ರಲ್ಲಿ ನ್ಯೂಯಾರ್ಕಿನ ಎಡ್ವಿನ್ ಕ್ರೇಗಿನ್ ಎಂಬ ಹೆರಿಗೆ ವೈದ್ಯ ಒಂದು ಮಾತು ಹೇಳಿದ. ಒಮ್ಮೆ ಸಿಸೇರಿಯನ್ ಆದವಳಿಗೆ ಮುಂದಿನದೂ ಸಿಸೇರಿಯನ್ನೇ ಎಂಬ ಅರ್ಥದ್ದು. ಇವತ್ತಿಗೂ ನಮ್ಮ ಊರಿನ ಅಜ್ಜಿಯಂದಿರು ಹೇಳುವುದು ಇದನ್ನೇ! ಆದರೆ ಆತ ಹೇಳಿದ್ದು ತಾಯಂದಿರಿಗೆ ವಿಧಿಸಿದ ನಿಯಮವಾಗಿ ಅಲ್ಲ, ವೈದ್ಯರಿಗೆ ಕೊಟ್ಟ ಎಚ್ಚರಿಕೆಯಾಗಿ. ಸುಮ್ಮಸುಮ್ಮನೆ ಮೊದಲ ಸಿಸೇರಿಯನ್ ಮಾಡಬೇಡಿ, ಅದರ ಪರಿಣಾಮ ಮುಂದಿನ ಹೆರಿಗೆಗಳಿಗೂ ಹೋಗುತ್ತದೆ ಎನ್ನುವುದು ಅವನ ವಾದ. ಇದಕ್ಕೆ ಅಪವಾದಗಳಿವೆ ಎಂದೂ ಅವನೇ ಒಪ್ಪಿದ್ದ. ಎಚ್ಚರಿಕೆ ಮರೆತುಹೋಗಿ ನಿಯಮ ಮಾತ್ರ ಉಳಿಯಿತು.

ಆ ಕಾಲಕ್ಕೆ ಆ ಮಾತಿನಲ್ಲಿ ಹುರುಳಿತ್ತು. ಆಗೆಲ್ಲ ಸಿಸೇರಿಯನ್ ಆಗುತ್ತಿದ್ದದ್ದು ಹೆಚ್ಚಾಗಿ ರಿಕೆಟ್ಸ್‌ನಿಂದ ಸೊಂಟದ ಮೂಳೆ ಇಕ್ಕಟ್ಟಾದವರಿಗೆ. ಆ ಕಾರಣ ಮುಂದಿನ ಹೆರಿಗೆಗೂ ಹೋಗುವುದಿಲ್ಲ. ಎರಡನೆಯದಾಗಿ, ಕೊಯ್ಯುತ್ತಿದ್ದದ್ದು ಗರ್ಭಕೋಶದ ಮೇಲ್ಭಾಗದ ದಪ್ಪ ಸ್ನಾಯುವನ್ನು, ಉದ್ದುದ್ದಕ್ಕೆ. ನೋವು ಬಂದಾಗ ಬಲವಾಗಿ ಮುದುಡುವ ಭಾಗವೇ ಅದು. ಅಲ್ಲಿನ ಹೊಲಿಗೆ ಬಿರಿಯುವ ಭಯ ಬಹಳ.

ಗ್ಲಾಸ್ಗೋದ ಮನ್ರೋ ಕೆರ್ 1911ರಿಂದಲೇ ಗರ್ಭಕೋಶದ ಕೆಳಗಿನ ತೆಳು ಭಾಗದಲ್ಲಿ ಅಡ್ಡಕ್ಕೆ ಕೊಯ್ದು ನೋಡಿದ. 1920ರ ದಶಕದಲ್ಲಿ ಅದನ್ನೇ ಪ್ರಚಾರ ಮಾಡಿದ. ಆ ಭಾಗ ಅಷ್ಟು ಮುದುಡುವುದಿಲ್ಲ, ಗಾಯ ಚೆನ್ನಾಗಿ ಮಾಯುತ್ತದೆ. ಎಲ್.ಎಸ್.ಸಿ.ಎಸ್. ಎಂದರೆ ಇದೇ, ಲೋವರ್ ಸೆಗ್ಮೆಂಟ್ ಸಿಸೇರಿಯನ್ ಸೆಕ್ಷನ್. ಗರ್ಭಕೋಶದ ಕೆಳಭಾಗದಲ್ಲಿ ಮಾಡಿದ ಕೊಯ್ತ.

ಇಲ್ಲಿ ಒಂದು ಮಾತು ಗಮನಿಸಿ. ಹೊಟ್ಟೆಯ ಮೇಲಿನ ಗೆರೆ ನೋಡಿ ಒಳಗಿನ ಗೆರೆ ಹೇಳಲಾಗದು. ಚರ್ಮದ ಮೇಲೆ ಅಡ್ಡ ಇದ್ದು ಒಳಗೆ ಉದ್ದ ಇರಬಹುದು. ಅದನ್ನು ಹೇಳುವುದು ಕಾಗದ ಮಾತ್ರ. ನಮ್ಮಲ್ಲಿ ಮಗುವಿನ ಜಾತಕ ಬೀರುವಿನಲ್ಲಿ ಜೋಪಾನ, ತಾಯಿಯ ಡಿಸ್ಚಾರ್ಜ್ ಕಾರ್ಡು ಎಲ್ಲೋ ಪತ್ತೆ ಇಲ್ಲ.

ಮುಂದಿನ ಅಧ್ಯಾಯ ಅಮೇರಿಕದ್ದು. ನಮಗೇಕೆ ಎನ್ನಬೇಡಿ, ದೊಡ್ಡ ದೊಡ್ಡ ಲೆಕ್ಕಗಳು ಅಲ್ಲಿನವು. 1965ರಲ್ಲಿ ಅಲ್ಲಿ ನೂರಕ್ಕೆ 4.5 ಇದ್ದ ಸಿಸೇರಿಯನ್ 1980ಕ್ಕೆ 16.5 ಆಯಿತು. ಆ ವರ್ಷ ಸರಕಾರದ ಆರೋಗ್ಯ ಸಂಸ್ಥೆ ತಜ್ಞರ ಸಭೆ ಕರೆದು, ಕೆಳಭಾಗದ ಅಡ್ಡ ಕೊಯ್ತ ಆದವರಿಗೆ ಸಹಜ ಹೆರಿಗೆಗೆ ಅವಕಾಶ ಕೊಡಬಹುದು ಎಂದಿತು. 1996ಕ್ಕೆ, ಹಿಂದೆ ಸಿಸೇರಿಯನ್ ಆದ ನೂರರಲ್ಲಿ 28 ಮಂದಿ ಸಹಜವಾಗಿ ಹೆರುತ್ತಿದ್ದರು. ಆದರೆ ಉತ್ಸಾಹ ಅತಿಯಾಯಿತು. ಖರ್ಚು ಉಳಿಸಲು ವಿಮಾ ಕಂಪೆನಿಗಳೂ ಒತ್ತಾಯಿಸಿದವು. ನೋವು ಬರಿಸುವ ಔಷಧಿ ಹಾಕಿ ಹೊಲಿಗೆ ಬಿರಿದ ಪ್ರಕರಣಗಳು ಬಂದವು. 2001ರಲ್ಲಿ ವಾಷಿಂಗ್ಟನ್ ರಾಜ್ಯದ ಸುಮಾರು 20,000 ತಾಯಂದಿರ ಲೆಕ್ಕ ಪ್ರಕಟವಾಯಿತು. ತಾನಾಗಿ ನೋವು ಬಂದವರಲ್ಲಿ ಸಾವಿರಕ್ಕೆ 5 ಮಂದಿಗೆ ಗರ್ಭಕೋಶ ಬಿರಿದಿತ್ತು, ಪ್ರೊಸ್ಟಗ್ಲಾಂಡಿನ್ ಎಂಬ ಔಷಧಿಯಿಂದ ನೋವು ಬರಿಸಿದವರಲ್ಲಿ ಸಾವಿರಕ್ಕೆ 24. ಅದಕ್ಕೂ ಮೊದಲೇ, 1999ರಲ್ಲಿ, ಅಲ್ಲಿನ ಪ್ರಸೂತಿ ವೈದ್ಯರ ಸಂಘ ತುರ್ತು ಆಪರೇಶನ್ ಮಾಡುವವರು ತಕ್ಷಣ ಸಿಗುವಂಥ ಆಸ್ಪತ್ರೆಯಲ್ಲಿ ಮಾತ್ರ ಇದನ್ನು ಪ್ರಯತ್ನಿಸಬೇಕು ಎಂದಿತ್ತು. ಸಣ್ಣ ಆಸ್ಪತ್ರೆಗಳು ನಮಗೆ ಬೇಡಪ್ಪ ಎಂದು ಕೈಬಿಟ್ಟವು. ಹತ್ತು ವರ್ಷದೊಳಗೆ 28 ಇದ್ದದ್ದು ಹತ್ತಕ್ಕಿಂತ ಕೆಳಗಿಳಿಯಿತು.

2004ರಲ್ಲಿ ಇನ್ನೊಂದು ದೊಡ್ಡ ಅಧ್ಯಯನ ಬಂತು. ಸಹಜ ಹೆರಿಗೆಗೆ ಪ್ರಯತ್ನಿಸಿದ 17,898 ಮಂದಿಯಲ್ಲಿ ನೂರಕ್ಕೆ 73 ಮಂದಿಗೆ ಅದು ಸಾಧ್ಯವಾಯಿತು. ಗರ್ಭಕೋಶ ಬಿರಿದದ್ದು ಸಾವಿರಕ್ಕೆ 7. ಆದರೆ ದಿನ ತುಂಬಿ ಹುಟ್ಟಿದವರಲ್ಲಿ 12 ಶಿಶುಗಳ ಮೆದುಳಿಗೆ ಪ್ರಾಣವಾಯು ಸಾಲದೆ ಹಾನಿಯಾಯಿತು. ಮೊದಲೇ ದಿನ ಗೊತ್ತುಮಾಡಿ ಆಪರೇಶನ್ ಮಾಡಿದವರಲ್ಲಿ ಅಂಥದ್ದು ಒಂದೂ ಇಲ್ಲ. ಸಣ್ಣ ಅಪಾಯ, ಆದರೆ ಬಂದರೆ ದೊಡ್ಡದು.

ಹಾಗಾದರೆ ಅತ್ತೆಯೇ ಸರಿಯೇ? ಅಷ್ಟು ಸುಲಭವಲ್ಲ. ಒಂದರ ಮೇಲೊಂದು ಸಿಸೇರಿಯನ್ ಆದಂತೆ ಮುಂದಿನ ಬಸುರಿನಲ್ಲಿ ಮಾಸು ಹಳೆಯ ಗಾಯಕ್ಕೆ ಕಚ್ಚಿಕೊಳ್ಳುವ ಅಪಾಯ ಏರುತ್ತದೆ. ಆಗ ಭಾರೀ ರಕ್ತಸ್ರಾವವಾಗಿ ಗರ್ಭಕೋಶ ತೆಗೆಯಬೇಕಾದೀತು. ಎರಡೇ ಮಕ್ಕಳು ಸಾಕು ಎನ್ನುವವಳ ಲೆಕ್ಕ ಬೇರೆ, ನಾಲ್ಕು ಬೇಕೆನ್ನುವವಳ ಲೆಕ್ಕ ಬೇರೆ.

ಈಗ ನಮ್ಮ ಕಡೆಗೆ ಬರೋಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕೇರಳದ ಹೆರಿಗೆಗಳಲ್ಲಿ ನೂರಕ್ಕೆ 38.9 ಸಿಸೇರಿಯನ್, ಕರ್ನಾಟಕದಲ್ಲಿ 31.5. ತೆಲಂಗಾಣದಲ್ಲಂತೂ 60.7! ಅಂದರೆ ನಮ್ಮ ಶಾಲೆಯಂಥ ಶಾಲೆಗಳ ಎಷ್ಟೋ ತಾಯಂದಿರು ಎರಡನೇ ಹೆರಿಗೆಗೆ ಇದೇ ಕವಲುದಾರಿಗೆ ಬಂದು ನಿಲ್ಲುತ್ತಾರೆ.

ಹೊಲಿಗೆ ಬಿರಿದರೆ ಇರುವುದು ನಿಮಿಷಗಳ ಲೆಕ್ಕ. ಅದೇ ಆಸ್ಪತ್ರೆಯಲ್ಲಿ, ಅದೇ ಹೊತ್ತಿಗೆ ಸರ್ಜನ್, ಅರಿವಳಿಕೆ ವೈದ್ಯರು, ರಕ್ತ ಎಲ್ಲ ಇರಬೇಕು. ಕಾಸರಗೋಡಿನ ಉತ್ತರ ಭಾಗದವರಾದ ನಾವು ದೊಡ್ಡ ಕಾಯಿಲೆ ಎಂದರೆ ಮಂಗಳೂರಿಗೆ ಓಡಿದವರು. 2020ರ ಮಾರ್ಚಿನಲ್ಲಿ ಕೊರೋನಾ ಬಂದು ತಲಪಾಡಿ ಗಡಿ ಮುಚ್ಚಿದಾಗ ಆಂಬುಲೆನ್ಸುಗಳು ಮಣ್ಣಿನ ರಾಶಿಯ ಮುಂದೆ ನಿಂತವು. ಚಿಕಿತ್ಸೆಗೆ ತಲುಪಲಾಗದೆ ಜೀವ ಹೋದವರ ಸುದ್ದಿ ದಿನಾ ಓದಿದೆವು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಆ ವಾರಗಳಲ್ಲಿ ದಿನ ತುಂಬಿದ್ದ ಬಸುರಿಯರನ್ನು ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ಹಿಂಡುತ್ತದೆ. ಆದ್ದರಿಂದ "ನಾರ್ಮಲ್ ಮಾಡಿಸ್ತೀರಾ?" ಎಂದು ಕೇಳುವುದಕ್ಕಿಂತ "ರಾತ್ರಿ ಎರಡು ಗಂಟೆಗೆ ಇಲ್ಲಿ ಆಪರೇಶನ್ ಮಾಡುವವರು ಇರ್ತಾರಾ?" ಎಂದು ಕೇಳಬೇಕು.

ಅವಳ ಕಾರ್ಡಿನಲ್ಲಿ ನಾಲ್ಕಕ್ಷರದ ಕೆಳಗೆ ಕಾರಣವೂ ಇತ್ತು: ಬ್ರೀಚ್. ಮಗು ತಲೆ ಮೇಲಾಗಿ ಕೂತಿತ್ತು. ಇಕ್ಕಟ್ಟಾದ ಸೊಂಟದಂತೆ ಪ್ರತಿ ಬಸುರಿಗೂ ಹಿಂಬಾಲಿಸಿ ಬರಲೇಬೇಕಾದ ಕಾರಣ ಅದಲ್ಲ. ಎರಡು ಬಸುರಿನ ನಡುವಿನ ಅಂತರವೂ ಸಾಕಷ್ಟಿದೆ. ಹಾಗೆಂದು ನಾನು ನಿರ್ಧಾರ ಹೇಳಲಿಲ್ಲ, ಅದು ಅವಳದು ಮತ್ತು ಅವಳ ಡಾಕ್ಟರದು. ಮಗನ ಕಾಪಿ ಪುಸ್ತಕದಿಂದ ಒಂದು ಹಾಳೆ ಹರಿದು ಕೇಳಬೇಕಾದ ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆದುಕೊಂಡಳು. ಅತ್ತೆಯನ್ನೂ ಜೊತೆಗೆ ಕರೆದುಕೊಂಡು ಹೋಗು ಎಂದೆ.

ಮೊನ್ನೆ ಮಗನನ್ನು ಕರೆದೊಯ್ಯಲು ಬಂದವಳು ಗೇಟಿನಲ್ಲೇ ಸಿಕ್ಕಿದಳು. ಡಾಕ್ಟರು ಹಾಳೆ ಪೂರ್ತಿ ಕೇಳಿಸಿಕೊಂಡರಂತೆ. ಹಳೆಯ ಕಾರ್ಡು ತಂದದ್ದು ಒಳ್ಳೆಯದಾಯಿತು ಎಂದರಂತೆ. ಈ ಮಗುವಿನ ತಲೆ ಯಾವ ಕಡೆಗಿದೆ ಎಂದು ಮೂವತ್ತಾರು ವಾರಕ್ಕೆ ನೋಡಿ ಮಾತಾಡೋಣ ಎಂದಿದ್ದಾರೆ. ಅತ್ತೆ ಮಾತ್ರ ಪಂಚಾಂಗ ಇನ್ನೂ ಮುಚ್ಚಿಟ್ಟಿಲ್ಲವಂತೆ.