ಮಾಡಿ ಕಲಿಯುವ ತರಗತಿ: ವಾರ್ಧಾದಿಂದ ಹೋಶಂಗಾಬಾದ್‌ವರೆಗಿನ ಒಂದು ಚರಿತ್ರೆ

ಕರ್ನಾಟಕದ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ, ಅಂದರೆ ಆರರಿಂದ ಎಂಟನೆಯ ತರಗತಿಯವರೆಗಿನ ಹಂತದಲ್ಲಿ, ಕನ್ನಡವಿರಲಿ, ಗಣಿತವಿರಲಿ, ವಿಜ್ಞಾನ ಅಥವಾ ಸಮಾಜ ವಿಜ್ಞಾನವಿರಲಿ, ಪಾಠದ ಕೊನೆಯಲ್ಲಿ ಅಭ್ಯಾಸದ ಪ್ರಶ್ನೆಗಳ ಪಕ್ಕದಲ್ಲೇ ಚಟುವಟಿಕೆ ಮತ್ತು ಯೋಜನಾ ಕಾರ್ಯಗಳು ಇಂದು ಕಾಣಸಿಗುತ್ತವೆ. ಮಗು ಕೇಳಿ ನೆನಪಿಟ್ಟುಕೊಳ್ಳುವುದಕ್ಕಿಂತ ತಾನೇ ಮಾಡಿ, ಅಳೆದು, ವಿಚಾರಿಸಿ ತಿಳಿದದ್ದು ಗಟ್ಟಿಯಾಗಿ ಉಳಿಯುತ್ತದೆ ಎಂಬ ನಂಬಿಕೆ ಇದರ ಹಿಂದಿದೆ. ಈ ನಂಬಿಕೆ ಭಾರತದ ಶಾಲೆಗಳಿಗೆ ಹೊಸದಲ್ಲ. ಕಳೆದ ಒಂದು ಶತಮಾನದಲ್ಲಿ ಅದು ಹಲವು ಸಲ, ಹಲವು ಹೆಸರುಗಳಲ್ಲಿ ತರಗತಿಯನ್ನು ಪ್ರವೇಶಿಸಿದೆ. ಕೆಲವೆಡೆ ಬೇರೂರಿ, ಕೆಲವೆಡೆ ಹೆಸರಷ್ಟೇ ಉಳಿದು, ಮತ್ತೆ ಕೆಲವೆಡೆ ಸರ್ಕಾರದ ಆದೇಶದಿಂದಲೇ ನಿಂತುಹೋಗಿದೆ. ಈ ಏಳುಬೀಳುಗಳನ್ನು ಒಟ್ಟಾಗಿ ನೋಡಿದರೆ, ಚಟುವಟಿಕೆಯ ಅಳಿವು ಉಳಿವುಗಳನ್ನು ನಿರ್ಧರಿಸಿದ್ದು ಅದರ ಹಿಂದಿನ ತತ್ತ್ವದ ಬಲಕ್ಕಿಂತ ಹೆಚ್ಚಾಗಿ ವೇಳಾಪಟ್ಟಿ, ಪರೀಕ್ಷೆ ಮತ್ತು ಶಿಕ್ಷಕರಿಗೆ ದೊರೆತ ಬೆಂಬಲ ಎಂಬುದು ಸ್ಪಷ್ಟವಾಗುತ್ತದೆ.

ಈ ವಿಚಾರದ ಆಧುನಿಕ ರೂಪಕ್ಕೆ ಅಮೆರಿಕದಲ್ಲಿ ಒಂದು ನೆಲೆ ದೊರೆಯಿತು. ತತ್ತ್ವಜ್ಞಾನಿ ಜಾನ್ ಡ್ಯೂಯಿ 1896ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಪ್ರಯೋಗಶಾಲೆಯಲ್ಲಿ ಮಕ್ಕಳು ಅಡುಗೆ, ನೇಯ್ಗೆ, ಮರಗೆಲಸಗಳನ್ನು ಮಾಡುತ್ತ, ಆ ಕೆಲಸಗಳು ಎಬ್ಬಿಸಿದ ಪ್ರಶ್ನೆಗಳ ಮೂಲಕ ಲೆಕ್ಕ, ರಸಾಯನ, ಇತಿಹಾಸಗಳನ್ನು ಕಲಿಯುತ್ತಿದ್ದರು. ಅವರ ಶಿಷ್ಯ ವಿಲಿಯಂ ಕಿಲ್‌ಪ್ಯಾಟ್ರಿಕ್ 1918ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಇದಕ್ಕೆ ‘ಯೋಜನಾ ಪದ್ಧತಿ’ ಎಂಬ ಚೌಕಟ್ಟನ್ನು ಕೊಟ್ಟರು. ಮಕ್ಕಳು ಒಂದು ಉದ್ದೇಶವನ್ನು ತಮ್ಮದಾಗಿಸಿಕೊಳ್ಳುವುದು, ಅದನ್ನು ಸಾಧಿಸುವ ಬಗೆಯನ್ನು ಯೋಜಿಸುವುದು, ಯೋಜಿಸಿದ್ದನ್ನು ನಡೆಸುವುದು, ನಡೆಸಿದ್ದು ಎಷ್ಟು ಸರಿಯಾಯಿತೆಂದು ತಾವೇ ತೂಗಿ ನೋಡುವುದು ಎಂಬ ನಾಲ್ಕು ಹಂತಗಳು ಅದರಲ್ಲಿದ್ದವು. ಭಾರತದ ಶಿಕ್ಷಕ ತರಬೇತಿಯ ಪುಸ್ತಕಗಳಲ್ಲಿ ಈ ನಾಲ್ಕು ಹಂತಗಳು ಇಂದಿಗೂ ಇವೆ. ಆದರೆ ಉದ್ದೇಶವು ಮಗುವಿನದಾಗಿರಬೇಕು ಎಂಬ ಮೊದಲ ಹಂತವೇ ಆಚರಣೆಯಲ್ಲಿ ಎಲ್ಲಕ್ಕಿಂತ ಮೊದಲು ಮರೆತುಹೋಗುವಂಥದ್ದು. 1920ರ ದಶಕದಲ್ಲಿ ಪಂಜಾಬಿನ ಮೋಗಾದಲ್ಲಿದ್ದ ಮಿಷನರಿ ತರಬೇತಿ ಶಾಲೆಯು ಈ ಪದ್ಧತಿಯನ್ನು ಹಳ್ಳಿಯ ಬದುಕಿಗೆ ಒಗ್ಗಿಸಿ, ಹಳ್ಳಿಯ ಮನೆ, ಹೊಲಗಳಂಥ ವಿಷಯಗಳ ಸುತ್ತ ಓದು, ಬರಹ, ಲೆಕ್ಕಗಳನ್ನು ಹೆಣೆದು, ಹಳ್ಳಿಯ ಶಿಕ್ಷಕರನ್ನು ಅದಕ್ಕೆ ತಯಾರುಮಾಡಿತು.

ಇದೇ ವಿಚಾರವು ದೇಶವ್ಯಾಪಿ ಕಾರ್ಯಕ್ರಮದ ಸ್ವರೂಪ ಪಡೆದದ್ದು 1937ರ ಅಕ್ಟೋಬರ್‌ನಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ನಡೆದ ಶಿಕ್ಷಣ ಸಮ್ಮೇಳನದಲ್ಲಿ. ಏಳು ವರ್ಷಗಳ ಉಚಿತ ಮತ್ತು ಕಡ್ಡಾಯ ಶಿಕ್ಷಣ, ಮಾತೃಭಾಷೆಯ ಮಾಧ್ಯಮ, ಹಾಗೂ ಮಗುವಿನ ಪರಿಸರಕ್ಕೆ ಹೊಂದುವ ಒಂದು ಉತ್ಪಾದಕ ಕೈಕೆಲಸದ ಸುತ್ತ ಎಲ್ಲ ಕಲಿಕೆ ಎಂಬ ತತ್ತ್ವಗಳನ್ನು ಒಪ್ಪಿದ ಸಮ್ಮೇಳನವು, ಪಠ್ಯಕ್ರಮ ರೂಪಿಸುವ ಹೊಣೆಯನ್ನು ಜಾಕಿರ್ ಹುಸೇನ್ ಅವರ ಅಧ್ಯಕ್ಷತೆಯ ಸಮಿತಿಗೆ ವಹಿಸಿತು. ವಿನೋಬಾ ಭಾವೆ, ಕಾಕಾ ಕಾಲೇಲ್ಕರ್, ಜೆ. ಸಿ. ಕುಮಾರಪ್ಪ, ಕೆ. ಜಿ. ಸೈಯಿದೈನ್ ಮೊದಲಾದವರಿದ್ದ ಆ ಸಮಿತಿ ಅದೇ ವರ್ಷದ ಡಿಸೆಂಬರ್‌ನಲ್ಲಿ ವರದಿ ಸಲ್ಲಿಸಿತು. ನಯೀ ತಾಲೀಮ್ ಎಂದೂ ಮೂಲ ಶಿಕ್ಷಣ ಎಂದೂ ಹೆಸರಾದ ಈ ಯೋಜನೆಯ ಜೀವಾಳವೆಂದರೆ ‘ಸಮವಾಯ’, ಅಂದರೆ ಪಾಠದ ವಿಷಯಗಳನ್ನು ಬೇರೆ ಬೇರೆಯಾಗಿ ಬೋಧಿಸದೆ, ಕೈಯಲ್ಲಿ ನಡೆಯುತ್ತಿರುವ ಕೆಲಸದೊಳಗಿನಿಂದಲೇ ಅವುಗಳನ್ನು ಹೊರತರುವ ವಿಧಾನ. ತಕಲಿಯಲ್ಲಿ ನೂಲುವ ಮಗು ಎಳೆಗಳನ್ನು ಎಣಿಸಿ, ನೂಲನ್ನು ತೂಗಿ ಗಣಿತಕ್ಕೆ ಬರಬೇಕು. ಹತ್ತಿ ಬೆಳೆಯುವ ಮಣ್ಣು ಮತ್ತು ಮಳೆಯ ವಿಚಾರದಿಂದ ಭೂಗೋಳಕ್ಕೆ ಹೋಗಬೇಕು. ದೇಶದ ಬಟ್ಟೆಯ ವ್ಯಾಪಾರ ಕೈತಪ್ಪಿದ ಬಗೆಯಿಂದ ಇತಿಹಾಸವನ್ನು ತಿಳಿಯಬೇಕು ಎಂಬುದು ಅದರ ಆಶಯ.

ಜಾಕಿರ್ ಹುಸೇನ್ ಸಮಿತಿಯ ಗಂಭೀರತೆಯನ್ನು ಅರಿಯಲು ಅದು ಸೂಚಿಸಿದ ದಿನದ ವೇಳಾಪಟ್ಟಿಯೊಂದೇ ಸಾಕು. ಐದೂವರೆ ಗಂಟೆಗಳ ಶಾಲಾ ದಿನದಲ್ಲಿ ಕೈಕಸುಬಿಗೆ 3 ಗಂಟೆ 20 ನಿಮಿಷ, ಸಂಗೀತ, ಚಿತ್ರಕಲೆ ಮತ್ತು ಅಂಕಗಣಿತಕ್ಕೆ 40 ನಿಮಿಷ, ಮಾತೃಭಾಷೆಗೆ 40 ನಿಮಿಷ, ಸಮಾಜ ಪರಿಚಯ ಮತ್ತು ಸಾಮಾನ್ಯ ವಿಜ್ಞಾನಕ್ಕೆ 30 ನಿಮಿಷ, ವ್ಯಾಯಾಮಕ್ಕೆ 10 ನಿಮಿಷ, ಬಿಡುವಿಗೆ 10 ನಿಮಿಷ ಎಂದು ಅದು ಹಂಚಿತ್ತು. ಇಲ್ಲಿ ಕೆಲಸವೇ ಶಾಲಾ ದಿನದ ಬಹುಭಾಗವಾಗಿತ್ತು. ಆದರೆ ಈ ಹಂಚಿಕೆಯೊಳಗೇ ಯೋಜನೆಯ ತೊಡಕೂ ಅಡಗಿತ್ತು. ಮಕ್ಕಳ ಉತ್ಪನ್ನದ ಮಾರಾಟದಿಂದ ಕಾಲಕ್ರಮದಲ್ಲಿ ಶಿಕ್ಷಕರ ಸಂಬಳ ಹುಟ್ಟಬೇಕೆಂಬ ನಿರೀಕ್ಷೆ ಇದ್ದುದರಿಂದ, ಶಾಲೆ ದುಡಿಮೆಯ ಮನೆಯಾಗಿಬಿಡಬಹುದೆಂಬ ಟೀಕೆ ಆರಂಭದಲ್ಲೇ ಎದ್ದಿತು. ಒಂದೇ ಕಸುಬಿನಿಂದ ಎಲ್ಲ ವಿಷಯಗಳನ್ನೂ ಸಹಜವಾಗಿ ಹೊರತೆಗೆಯಬಲ್ಲ ಶಿಕ್ಷಕರನ್ನು ಸಾವಿರಾರು ಸಂಖ್ಯೆಯಲ್ಲಿ ತಯಾರಿಸುವುದು ಇನ್ನೂ ಕಠಿಣವಾಗಿತ್ತು. 1939ರಲ್ಲಿ ಪ್ರಾಂತಗಳ ಕಾಂಗ್ರೆಸ್ ಸಚಿವ ಸಂಪುಟಗಳು ರಾಜೀನಾಮೆ ಕೊಟ್ಟಾಗ ಯೋಜನೆಗಿದ್ದ ರಾಜಕೀಯ ಆಸರೆಯೂ ತಪ್ಪಿತು.

ಸ್ವಾತಂತ್ರ್ಯದ ನಂತರ ಮೂಲ ಶಿಕ್ಷಣವು ಸರ್ಕಾರದ ಅಧಿಕೃತ ನೀತಿಯಾಯಿತಾದರೂ, ಅದರ ಪಕ್ಕದಲ್ಲೇ ಹಳೆಯ ಮಾದರಿಯ ಶಾಲೆಗಳು, ಹಳೆಯ ಪರೀಕ್ಷೆಗಳು ಮತ್ತು ಆ ಪರೀಕ್ಷೆಗಳ ಆಧಾರದ ಮೇಲೆ ನೌಕರಿ ಕೊಡುವ ವ್ಯವಸ್ಥೆ ಹಾಗೆಯೇ ಮುಂದುವರಿದವು. ತಮ್ಮ ಮಕ್ಕಳು ಹೈಸ್ಕೂಲು, ಕಾಲೇಜುಗಳ ಕಡೆಗೆ ಹೋಗಲೆಂದು ಬಯಸಿದ ಪೋಷಕರು ನೂಲುವ ಶಾಲೆಯನ್ನು ಬಡವರ ಶಾಲೆಯೆಂದು ಕಂಡದ್ದು ಅಸಹಜವೇನಲ್ಲ. 1964ರಿಂದ 1966ರವರೆಗೆ ಕೆಲಸಮಾಡಿದ ಕೊಠಾರಿ ಆಯೋಗವು ಮೂಲ ಶಿಕ್ಷಣದ ಸಾರವನ್ನು ‘ಕಾರ್ಯಾನುಭವ’ ಎಂಬ ಹೆಸರಿನಲ್ಲಿ ಉಳಿಸಿಕೊಳ್ಳಲು ಯತ್ನಿಸಿತು. 1977ರ ಈಶ್ವರಭಾಯಿ ಪಟೇಲ್ ಸಮಿತಿ ಅದನ್ನು ‘ಸಮಾಜೋಪಯೋಗಿ ಉತ್ಪಾದಕ ಕಾರ್ಯ’ವಾಗಿ ಮಾರ್ಪಡಿಸಿತು. ಆಚರಣೆಯಲ್ಲಿ ಕೈಕೆಲಸಕ್ಕೆ ವಾರದಲ್ಲಿ ಒಂದೆರಡು ಪೀರಿಯಡ್‌ಗಳು ಸಿಕ್ಕವು, ಉಳಿದ ಪಾಠಗಳು ಅದರ ಸೋಂಕಿಲ್ಲದೆ ನಡೆದವು. ಹೀಗೆ ಕೆಲಸಕ್ಕೂ ವಿಷಯಜ್ಞಾನಕ್ಕೂ ನಡುವೆ ಇದ್ದ ಸಮವಾಯದ ಕೊಂಡಿ ಕಳಚಿತು.

ಈ ಹಿನ್ನೆಲೆಯಲ್ಲಿ 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ, ಇಂದಿನ ನರ್ಮದಾಪುರಂ ಪ್ರದೇಶದ, 16 ಮಾಧ್ಯಮಿಕ ಶಾಲೆಗಳಲ್ಲಿ ಆರಂಭವಾದ ಹೋಶಂಗಾಬಾದ್ ವಿಜ್ಞಾನ ಬೋಧನಾ ಕಾರ್ಯಕ್ರಮವು ವಿಶೇಷ ಗಮನಕ್ಕೆ ಅರ್ಹವಾಗಿದೆ. ಅನಿಲ್ ಸದ್ಗೋಪಾಲ್ ಅವರ ಮುಂದಾಳತ್ವದ ಕಿಶೋರ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸ್ವಯಂಸೇವಾ ಸಂಸ್ಥೆಗಳು ರಾಜ್ಯ ಸರ್ಕಾರದ ಅನುಮತಿ ಪಡೆದು, ಸರ್ಕಾರಿ ಶಾಲೆಗಳಲ್ಲೇ, ಸರ್ಕಾರಿ ಶಿಕ್ಷಕರ ಕೈಯಲ್ಲೇ ಆರರಿಂದ ಎಂಟನೆಯ ತರಗತಿಗಳ ವಿಜ್ಞಾನವನ್ನು ಪ್ರಯೋಗಗಳ ಮೂಲಕ ಕಲಿಸಲು ಮುಂದಾದವು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳೂ ದೆಹಲಿ ವಿಶ್ವವಿದ್ಯಾಲಯದ ಅಧ್ಯಾಪಕರೂ ಇದರಲ್ಲಿ ಕೈಜೋಡಿಸಿದರು. 1978ರಲ್ಲಿ ಕಾರ್ಯಕ್ರಮವು ಇಡೀ ಜಿಲ್ಲೆಯ ಮಾಧ್ಯಮಿಕ ಶಾಲೆಗಳಿಗೆ ವಿಸ್ತರಿಸಿತು. ಅದನ್ನು ಮುಂದುವರಿಸಲೆಂದೇ 1982ರಲ್ಲಿ ಏಕಲವ್ಯ ಎಂಬ ಸಂಸ್ಥೆ ಹುಟ್ಟಿತು.

ಅಲ್ಲಿನ ತರಗತಿಯಲ್ಲಿ ಮಕ್ಕಳು ನಾಲ್ವರ ಗುಂಪುಗಳಾಗಿ ಕುಳಿತು, ‘ಬಾಲ ವೈಜ್ಞಾನಿಕ’ ಎಂಬ ಕಾರ್ಯಪುಸ್ತಕದ ಸೂಚನೆಗಳನ್ನು ಓದಿ, ಪ್ರಯೋಗ ನಡೆಸಿ, ಕಂಡದ್ದನ್ನು ಬರೆದು, ನಂತರ ಎಲ್ಲ ಗುಂಪುಗಳ ಫಲಿತಾಂಶವನ್ನು ಒಟ್ಟಿಗೆ ಚರ್ಚಿಸುತ್ತಿದ್ದರು. ಆ ಪುಸ್ತಕದಲ್ಲಿ ಪ್ರಶ್ನೆಗಳಿದ್ದವು, ಸಿದ್ಧ ಉತ್ತರಗಳಿರಲಿಲ್ಲ. ಒಂದೇ ಉದ್ದವನ್ನು ಹಲವು ಮಕ್ಕಳು ಅಳೆದಾಗ ಅಳತೆಗಳು ಒಂದಿಷ್ಟು ಹೆಚ್ಚುಕಡಿಮೆಯಾಗುವುದನ್ನು ತಪ್ಪೆಂದು ಅಳಿಸಿಹಾಕದೆ, ಏಕೆ ಹಾಗಾಯಿತೆಂದು ವಿಚಾರಿಸುವುದೇ ಪಾಠವಾಗುತ್ತಿತ್ತು. ಸಂಭವನೀಯತೆಯಂಥ ಗಣಿತದ ವಿಷಯವೂ ವಿಜ್ಞಾನದ ಪುಸ್ತಕದೊಳಗೆ ಬಂದದ್ದು ಇದೇ ಕಾರಣಕ್ಕೆ. ಮಕ್ಕಳು ಹೊಲಗಳಿಗೆ ಹೋಗಿ ಬೆಳೆ ಮತ್ತು ಅದರ ರೋಗಗಳ ಬಗ್ಗೆ ರೈತರನ್ನು ಕೇಳಿ ತಿಳಿಯುತ್ತಿದ್ದರು. ಸಲಕರಣೆಗಳ ಪೆಟ್ಟಿಗೆಯನ್ನು ಅಗ್ಗದ, ಸ್ಥಳೀಯ ಸಾಮಗ್ರಿಗಳಿಂದ ರೂಪಿಸಲಾಗಿತ್ತು. ಹೂವನ್ನು ಬಿಡಿಸಿ ನೋಡಲು ಲೋಹದ ಸೂಜಿಯ ಬದಲು ಜಾಲಿಯ ಮುಳ್ಳು ಸಾಕಾಯಿತು. ಆಟಿಕೆಗಳ ಮೂಲಕ ವಿಜ್ಞಾನ ಕಲಿಸುವುದಕ್ಕೆ ಮುಂದೆ ಹೆಸರಾದ ಅರವಿಂದ ಗುಪ್ತಾ ಅವರು ಬೆಂಕಿಕಡ್ಡಿ ಮತ್ತು ಸೈಕಲ್ಲಿನ ವಾಲ್ವ್ ಟ್ಯೂಬಿನಿಂದ ಆಕೃತಿಗಳನ್ನು ಕಟ್ಟಲಾರಂಭಿಸಿದ್ದು ಈ ಕಾರ್ಯಕ್ರಮದ ಒಡನಾಟದಲ್ಲಿಯೇ. ತರಗತಿಯಲ್ಲಿ ಬಗೆಹರಿಯದ ಪ್ರಶ್ನೆಗಳನ್ನು ಮಕ್ಕಳು ಸವಾಲಿರಾಮ್ ಎಂಬ ಕಲ್ಪಿತ ವ್ಯಕ್ತಿಗೆ ಪತ್ರ ಬರೆದು ಕೇಳಬಹುದಿತ್ತು, ಮತ್ತು ಆ ಹೆಸರಿನಲ್ಲಿ ಅವರಿಗೆ ಉತ್ತರವೂ ಬರುತ್ತಿತ್ತು.

ಹೋಶಂಗಾಬಾದಿನ ನಿಜವಾದ ಹಿರಿಮೆ ಇರುವುದು ಈ ಪ್ರಯೋಗಗಳ ಸೊಗಸಿಗಿಂತ ಹೆಚ್ಚಾಗಿ ಅವುಗಳ ಸುತ್ತ ಕಟ್ಟಿದ ವ್ಯವಸ್ಥೆಯಲ್ಲಿ. ಎಂಟನೆಯ ತರಗತಿಯ ಬೋರ್ಡ್ ಪರೀಕ್ಷೆಯನ್ನೇ ಅದು ಬದಲಿಸಿತು: ಮಕ್ಕಳು ತಮ್ಮ ಪುಸ್ತಕ ಮತ್ತು ಟಿಪ್ಪಣಿಗಳನ್ನು ಮುಂದಿಟ್ಟುಕೊಂಡೇ ಲಿಖಿತ ಪರೀಕ್ಷೆ ಬರೆಯಬಹುದಿತ್ತು, ಜೊತೆಗೆ ಪ್ರಾಯೋಗಿಕ ಪರೀಕ್ಷೆಯೂ ಇತ್ತು. ಪುಸ್ತಕ ಎದುರಿಗಿರುವಾಗ ಕಂಠಪಾಠಕ್ಕೆ ಬೆಲೆಯಿಲ್ಲದ ಕಾರಣ, ಪ್ರಶ್ನೆಗಳು ಯೋಚನೆಯನ್ನೇ ಪರೀಕ್ಷಿಸಬೇಕಾಯಿತು. ಪ್ರಶ್ನೆಗಳು ಹಾಗಾದ ಮೇಲೆ ವರ್ಷವಿಡೀ ಪ್ರಯೋಗ ಮಾಡಿಸುವುದು ಶಿಕ್ಷಕರಿಗೂ ಅನಿವಾರ್ಯವಾಯಿತು. ಶಿಕ್ಷಕರಿಗೆ ಬೇಸಿಗೆಯಲ್ಲಿ ಮೂರು ವಾರಗಳ ತರಬೇತಿ ಇರುತ್ತಿತ್ತು. ಅಲ್ಲಿ ಅವರು ಮಕ್ಕಳು ಮಾಡುವ ಪ್ರಯೋಗಗಳನ್ನೇ ತಾವು ಮಾಡಿ, ವಿಶ್ವವಿದ್ಯಾಲಯದ ಅಧ್ಯಾಪಕರೊಂದಿಗೆ ಸರಿಸಮವಾಗಿ ವಾದಿಸುತ್ತಿದ್ದರು. ನಂತರ ಪ್ರತಿ ತಿಂಗಳು ಹತ್ತಿರದ ಕೇಂದ್ರವೊಂದರಲ್ಲಿ ಸೇರಿ ತಮ್ಮ ತರಗತಿಯ ಕಷ್ಟಗಳನ್ನು ಹಂಚಿಕೊಳ್ಳುತ್ತಿದ್ದರು, ಮತ್ತು ಸಹೋದ್ಯೋಗಿಗಳು ಶಾಲೆಗೇ ಬಂದು ನೆರವಾಗುತ್ತಿದ್ದರು. ಮಕ್ಕಳ ಮತ್ತು ಶಿಕ್ಷಕರ ಅನುಭವದ ಮೇಲೆ ಪುಸ್ತಕಗಳನ್ನೂ ಪರಿಷ್ಕರಿಸಲಾಯಿತು. ಏಕಲವ್ಯವು ಇದೇ ಮನೋಧರ್ಮವನ್ನು 1980ರ ದಶಕದಲ್ಲಿ ಮಾಧ್ಯಮಿಕ ಹಂತದ ಸಮಾಜ ವಿಜ್ಞಾನಕ್ಕೂ ಒಯ್ದು, ಇತಿಹಾಸ, ಭೂಗೋಳ, ಪೌರನೀತಿಗಳನ್ನು ಚರ್ಚೆ ಮತ್ತು ಹೋಲಿಕೆಗಳ ಮೂಲಕ ಕಲಿಸುವ ಪುಸ್ತಕಗಳನ್ನು ರೂಪಿಸಿತು.

ಹಲವು ಜಿಲ್ಲೆಗಳಿಗೆ ಹರಡಿ ಮೂರು ದಶಕ ನಡೆದ ಈ ಕಾರ್ಯಕ್ರಮವನ್ನು 2002ರಲ್ಲಿ ರಾಜ್ಯ ಸರ್ಕಾರ ನಿಲ್ಲಿಸಿ, ರಾಜ್ಯದ ಉಳಿದ ಶಾಲೆಗಳ ಪಠ್ಯಪುಸ್ತಕವನ್ನೇ ಅಲ್ಲಿಯೂ ಜಾರಿಗೆ ತಂದಿತು. ದೇಶದ ಅನೇಕ ವಿಜ್ಞಾನಿಗಳೂ ಶಿಕ್ಷಣ ಚಿಂತಕರೂ ಪ್ರತಿಭಟಿಸಿದರೂ ಫಲವಾಗಲಿಲ್ಲ. ಶಾಲೆಯೊಳಗೆ ಬೇರೂರಿದ್ದ ಕಾರ್ಯಕ್ರಮವೂ ಹೊರಗಿನ ಆಡಳಿತದ ಒಪ್ಪಿಗೆಯ ಮೇಲೆ ನಿಂತಿರುತ್ತದೆ ಎಂಬ ಕಹಿಸತ್ಯವನ್ನು ಈ ಅಂತ್ಯ ತೋರಿಸಿತು. ಆದರೂ ಅದರ ಅನುಭವ ವ್ಯರ್ಥವಾಗಲಿಲ್ಲ. ಶಾಲೆಯ ಜ್ಞಾನವನ್ನು ಹೊರಗಿನ ಬದುಕಿಗೆ ಜೋಡಿಸಬೇಕು, ಕಂಠಪಾಠದಿಂದ ದೂರ ಸರಿಯಬೇಕು ಎಂದು ಸಾರಿದ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ನಡೆದದ್ದು ಅದೇ ದಿಕ್ಕಿನಲ್ಲಿ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯು ಚಟುವಟಿಕೆ, ಅನ್ವೇಷಣೆ ಮತ್ತು ಶೋಧನೆಗಳ ಮೂಲಕ ಕಲಿಕೆ ನಡೆಯಬೇಕೆಂಬುದನ್ನು ಕಾನೂನಿನ ಮಾತಾಗಿಸಿತು.

ಕರ್ನಾಟಕದಲ್ಲಿ ಈ ಧಾರೆ ತನ್ನದೇ ಹಾದಿಯಲ್ಲಿ ಹರಿದಿದೆ. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ಕಂಡುಬಂದು ಕಟ್ಟಿದ ‘ನಲಿ ಕಲಿ’ ಪದ್ಧತಿಯು, ಕಲಿಕಾ ಕಾರ್ಡುಗಳು ಮತ್ತು ಕಲಿಕೆಯ ಏಣಿಯ ಮೂಲಕ ಪ್ರತಿ ಮಗುವೂ ತನ್ನ ವೇಗದಲ್ಲಿ ಮುಂದುವರಿಯುವ ಅವಕಾಶ ಕೊಟ್ಟಿತು. ಆದರೆ ಅದು ರಾಜ್ಯದಲ್ಲಿ ವಿಸ್ತರಿಸಿದ್ದು ಕಿರಿಯ ತರಗತಿಗಳಲ್ಲಿ. ವಿಷಯಕ್ಕೊಬ್ಬ ಶಿಕ್ಷಕರು, ನಲವತ್ತು ನಿಮಿಷಗಳ ಆಸುಪಾಸಿನ ಪೀರಿಯಡ್‌ಗಳು ಇರುವ ಹಿರಿಯ ತರಗತಿಗಳಿಗೆ ಅದು ಹತ್ತಲಿಲ್ಲ. ಆ ವಯಸ್ಸಿನ ಮಕ್ಕಳಿಗೆ ತರಗತಿಯ ಹೊರಗೆ ಅವಕಾಶ ತೆರೆದದ್ದು 1993ರಲ್ಲಿ ದೇಶದಲ್ಲಿ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ನಮ್ಮಲ್ಲಿ ಸಂಘಟಿಸುತ್ತ ಬಂದಿರುವ ಈ ಸಮಾವೇಶದಲ್ಲಿ 10ರಿಂದ 17 ವರ್ಷದ ಮಕ್ಕಳು ಸಣ್ಣ ತಂಡಗಳಾಗಿ, ಮಾರ್ಗದರ್ಶಿ ಶಿಕ್ಷಕರ ನೆರವಿನಿಂದ, ತಮ್ಮೂರಿನ ಒಂದು ಸಮಸ್ಯೆಯನ್ನು ಅಧ್ಯಯನ ಮಾಡಿ, ಅಂಕಿಅಂಶ ಕಲೆಹಾಕಿ, ಕನ್ನಡದಲ್ಲೇ ವರದಿ ಮಂಡಿಸಬಹುದು. ಕೆರೆಯ ನೀರನ್ನೋ ಊರಿನ ತ್ಯಾಜ್ಯವನ್ನೋ ಅಧ್ಯಯನಕ್ಕೆ ಆರಿಸಿಕೊಂಡ ತಂಡಕ್ಕೆ ವಿಜ್ಞಾನ, ಗಣಿತ, ಭಾಷೆ, ಸಮಾಜ ವಿಜ್ಞಾನಗಳ ನಡುವಿನ ಗೋಡೆ ತಾನಾಗಿ ಕರಗುತ್ತದೆ; ವಾರ್ಧಾ ಬಯಸಿದ ಸಮವಾಯ ಇಲ್ಲಿ ಮತ್ತೆ ಸಾಧ್ಯವಾಗುತ್ತದೆ. ಇದರ ಮಿತಿಯೆಂದರೆ, ಆಸಕ್ತ ಶಿಕ್ಷಕರಿರುವ ಶಾಲೆಯ ಆಯ್ದ ಮಕ್ಕಳಿಗಷ್ಟೇ ಇದು ತಲುಪುತ್ತದೆ.

ಎಲ್ಲ ಮಕ್ಕಳಿಗೂ ಇದನ್ನು ತಲುಪಿಸುವ ಹೊಣೆ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದ ಮೇಲೆ ಬಿದ್ದಿತು. ಇದರಲ್ಲಿ ಕಲಿಕೆ ನಡೆಯುತ್ತಿರುವಾಗಲೇ ಅದನ್ನು ಗಮನಿಸಿ ತಿದ್ದುವ ರೂಪಣಾತ್ಮಕ ಮೌಲ್ಯಮಾಪನವೂ, ಅವಧಿಯ ಕೊನೆಯಲ್ಲಿ ಕಲಿತದ್ದನ್ನು ಅಳೆಯುವ ಸಂಕಲನಾತ್ಮಕ ಮೌಲ್ಯಮಾಪನವೂ ಇವೆ. ಯೋಜನಾ ಕಾರ್ಯವು ಮೊದಲನೆಯದರ ಭಾಗವಾಯಿತು. ಆಶಯ ಉನ್ನತವಾದುದು. ಆದರೆ ಎಲ್ಲ ವಿಷಯಗಳ ಯೋಜನೆಗಳೂ ಒಂದೇ ಅವಧಿಯಲ್ಲಿ, ಅಂಕ ದಾಖಲಿಸುವ ದಿನಾಂಕಕ್ಕೆ ಮುನ್ನ ಮುಗಿಯಬೇಕಾದಾಗ, ಮಗುವಿನ ವಿಚಾರಣೆಯ ಜಾಗದಲ್ಲಿ ಅಂಗಡಿಯಿಂದ ತಂದ ಚಿತ್ರಗಳು, ಥರ್ಮೋಕೋಲ್ ಮಾದರಿಗಳು, ಪೋಷಕರ ಕೈಬರಹ ಬಂದು ಕೂರುತ್ತವೆ. ಇದಕ್ಕೆ ಶಿಕ್ಷಕರ ಸೋಮಾರಿತನವನ್ನೋ ಮಕ್ಕಳ ಉದಾಸೀನವನ್ನೋ ಹೊಣೆ ಮಾಡುವುದು ಅನ್ಯಾಯ. ಹಳೆಯ ವೇಳಾಪಟ್ಟಿ ಮತ್ತು ಹಳೆಯ ಪ್ರಶ್ನೆಪತ್ರಿಕೆಗಳನ್ನು ಹಾಗೆಯೇ ಇಟ್ಟು, ಅವುಗಳ ಮೇಲೆ ಹೊಸ ಕರ್ತವ್ಯವನ್ನು ಹೇರಿದಾಗ ಹೀಗಲ್ಲದೆ ಬೇರೆ ಫಲ ಬರುವುದು ಕಷ್ಟ.

ಈ ಚರಿತ್ರೆಯ ಮೂರು ಘಟ್ಟಗಳು ಒಂದೇ ಪಾಠವನ್ನು ಬೇರೆ ಬೇರೆ ದಿಕ್ಕಿನಿಂದ ಹೇಳುತ್ತವೆ. ವಾರ್ಧಾ ಯೋಜನೆಯು ಸಮಯವನ್ನು ಧಾರಾಳವಾಗಿ ಕೊಟ್ಟಿತು, ಆದರೆ ಶಿಕ್ಷಕರನ್ನು ತಯಾರಿಸುವಷ್ಟು ಅವಕಾಶ ಅದಕ್ಕೆ ಸಿಗಲಿಲ್ಲ, ಸುತ್ತಲಿನ ಪರೀಕ್ಷಾ ವ್ಯವಸ್ಥೆಯೂ ಬದಲಾಗಲಿಲ್ಲ. ಹೋಶಂಗಾಬಾದ್ ಪುಸ್ತಕ, ಸಲಕರಣೆ, ತರಬೇತಿ, ಪರೀಕ್ಷೆ ಎಲ್ಲವನ್ನೂ ಒಟ್ಟಿಗೆ ಬದಲಿಸಿದ್ದರಿಂದಲೇ ಸಾಧಾರಣ ಸರ್ಕಾರಿ ಶಾಲೆಗಳಲ್ಲಿ ಮೂವತ್ತು ವರ್ಷ ಬಾಳಿತು. ಇಂದಿನ ಯೋಜನಾ ಕಾರ್ಯಕ್ಕೆ ಕಾನೂನಿನ ಬೆಂಬಲವಿದೆ, ಪಠ್ಯಪುಸ್ತಕದಲ್ಲಿ ಸ್ಥಾನವಿದೆ. ಇನ್ನೂ ದೊರೆಯಬೇಕಾದದ್ದು ಸಮಯ ಮತ್ತು ಶಿಕ್ಷಕರ ಒಡನಾಟ. ವರ್ಷಕ್ಕೆ ವಿಷಯಕ್ಕೆ ನಾಲ್ಕರಂತೆ ಹತ್ತಾರು ಯೋಜನೆಗಳ ಬದಲು ಎಲ್ಲ ವಿಷಯಗಳ ಶಿಕ್ಷಕರು ಕೂಡಿ ನಡೆಸುವ ಒಂದೆರಡು ದೀರ್ಘ ಯೋಜನೆಗಳು, ಅವುಗಳಿಂದಲೇ ಹುಟ್ಟಿದ ಪರೀಕ್ಷೆಯ ಪ್ರಶ್ನೆಗಳು, ಕ್ಲಸ್ಟರ್ ಮಟ್ಟದ ಶಿಕ್ಷಕರ ಸಭೆಯಲ್ಲಿ ಸುತ್ತೋಲೆಗಳಿಗಿಂತ ತರಗತಿಯ ಅನುಭವಗಳಿಗೆ ಮೀಸಲಾದ ಸಮಯ, ಇವು ಯಾವುದೂ ದುಬಾರಿಯಲ್ಲ, ಯಾವುದೂ ಹಿಂದೆಂದೂ ಮಾಡಿ ನೋಡದ ಸಾಹಸವೂ ಅಲ್ಲ. ಮುಂದೆ ಬರುವ ಯಾವುದೇ ಹೊಸ ಯೋಜನೆಯನ್ನು ಅದರ ಹೆಸರಿನಿಂದ ಅಳೆಯದೆ, ಅದು ವೇಳಾಪಟ್ಟಿಯಲ್ಲಿ, ಪ್ರಶ್ನೆಪತ್ರಿಕೆಯಲ್ಲಿ ಮತ್ತು ಶಿಕ್ಷಕರ ಸಭೆಯಲ್ಲಿ ಏನನ್ನು ಬದಲಿಸಿತು ಎಂದು ಕೇಳುವುದು ಈ ಚರಿತ್ರೆಯನ್ನು ಬಲ್ಲವರೆಲ್ಲರ ಕರ್ತವ್ಯವಾಗಿದೆ.