ಇರಾನದ ಸ್ತ್ರೀಯರು: ಸ್ವದೇಶದಲ್ಲಿ, ದೇಶಾಂತರದಲ್ಲಿ

ಕಲಬುರಗಿಯಿಂದ ಜೇವರ್ಗಿಗೆ ಹೋಗುವ ನಮ್ಮ ವಾಚಕರಲ್ಲಿ ಹಲವರು ಭೀಮಾನದಿಯ ದಂಡೆಯಲ್ಲಿ ಹಾಳುಬಿದ್ದಿರುವ ಫಿರೋಜಾಬಾದವನ್ನು ನೋಡಿರಬಹುದು. 1397 ರಿಂದ 1422 ರ ವರೆಗೆ ಆಳಿದ ಬಹಮನಿ ಸುಲ್ತಾನ ಫಿರೋಜಶಹನು ಕಟ್ಟಿಸಿದ ಪಟ್ಟಣವದು. ಆತನ ಆಸ್ಥಾನದ ಭಾಷೆ ಪಾರಸಿ. ಇರಾನದಿಂದ ಪಂಡಿತರೂ ವರ್ತಕರೂ ಯೋಧರೂ ಬಂದು ಈ ಸೀಮೆಯಲ್ಲಿ ನೆಲೆಸಿದರು. ಪಟ್ಟಣವು ಹಾಳಾಯಿತು, ಮಾತು ಉಳಿಯಿತು. ಆಳಂದದ ಪೇಟೆಯಲ್ಲಾಗಲಿ ಅಫಜಲಪುರದ ಚಾವಡಿಯಲ್ಲಾಗಲಿ ಜಮೀನು, ಬಜಾರ, ರುಮಾಲು, ಚಸಮಾ ಎನ್ನುವಾಗ ನಾವು ಆಡುವದು ಪಾರಸಿಯನ್ನೇ. ಪರದೆ, ಜನಾನಾ ಎಂಬ ಶಬ್ದಗಳೂ ಅದೇ ದಾರಿಯಿಂದ ಬಂದವು. ‘ಜನ್’ ಎಂದರೆ ಹೆಂಗಸು. ಆ ಶಬ್ದವು ಹೆಂಗಸನ್ನು ಹಿಂದೆ ಬಿಟ್ಟು, ಆಕೆಯನ್ನು ಇರಿಸುವ ಕೋಣೆಯ ಹೆಸರಾಗಿ ಮಾತ್ರ ನಮ್ಮಲ್ಲಿಗೆ ಬಂದದ್ದು ವಿಚಾರಿಸತಕ್ಕ ಸಂಗತಿಯು.

ಇರಾನದಲ್ಲಾದರೋ ಆ ಕೋಣೆಯೊಳಗಿನವರು ಸುಮ್ಮನಿದ್ದಿಲ್ಲ. 1848 ರಲ್ಲಿ ಬದಶ್ತ್ ಎಂಬಲ್ಲಿ ನೆರೆದ ಬಾಬೀ ಪಂಥದವರ ಸಭೆಯಲ್ಲಿ ಕಜ್ವೀನಿನ ಕವಯಿತ್ರಿ ತಾಹಿರೆಯು ಮುಸುಕು ತೆಗೆದು ನಿಂತಳು. 1852 ರಲ್ಲಿ ಆಕೆಯನ್ನು ಕೊಲ್ಲಿಸಿದರು. 1906 ರಲ್ಲಿ ರಾಜ್ಯಾಂಗವು ದೊರೆಯಿತು. ಅದಕ್ಕಾಗಿ ಹೆಂಗಸರೂ ಶ್ರಮಿಸಿದ್ದರು, ಆದರೆ ಮತದಾನದ ಹಕ್ಕು ಅವರಿಗೆ ಸಿಗಲಿಲ್ಲ. ಮರುವರ್ಷ ಬೀಬೀ ಖಾನಂ ಅಸ್ತರಾಬಾದಿ ಎಂಬಾಕೆಯು ತೆಹರಾನಿನ ತನ್ನ ಮನೆಯಲ್ಲಿಯೇ ಹೆಣ್ಣುಮಕ್ಕಳ ಶಾಲೆಯನ್ನು ತೆರೆದಳು. ಹೆಂಗಸರಿಗೆ ನಡತೆ ಕಲಿಸಲು ಯಾರೋ ಬರೆದ ಪುಸ್ತಕಕ್ಕೆ ಪ್ರತ್ಯುತ್ತರವಾಗಿ ಗಂಡಸರ ದೋಷಗಳ ಮೇಲೆಯೇ ಒಂದು ಗ್ರಂಥವನ್ನು ರಚಿಸಿದ ಗಟ್ಟಿಗಿತ್ತಿ ಈಕೆ!

1919 ರಲ್ಲಿ ಇಸ್ಫಹಾನದಲ್ಲಿ ಸಿದ್ದೀಕಾ ದೌಲತಾಬಾದಿಯು ಪತ್ರಿಕೆಯೊಂದನ್ನು ಹೊರಡಿಸಿ ಅದಕ್ಕೆ ‘ಜಬಾನೆ ಜನಾನ್’, ಅಂದರೆ ‘ಹೆಂಗಸರ ನಾಲಿಗೆ’, ಎಂದು ಹೆಸರಿಟ್ಟಳು. ಪರದೆಯ ವಿಷಯಕ್ಕಷ್ಟೇ ನಿಲ್ಲದೆ ಆ ನಾಲಿಗೆಯು ಅದೇ ವರ್ಷದ ಆಂಗ್ಲ-ಇರಾನೀ ಒಪ್ಪಂದವನ್ನೂ ಖಂಡಿಸಿತು. ಮನೆಯ ಮೇಲೆ ದಾಳಿಯಾಯಿತು, ಪತ್ರಿಕೆಯನ್ನು ನಿಲ್ಲಿಸಿದರು. ಆಕೆಯು ತೆಹರಾನಿಗೆ ಹೋಗಿ, ಅಲ್ಲಿಂದ ಓದಲು ಪಾರಿಸಿಗೆ ತೆರಳಿ, 1926 ರಲ್ಲಿ ಅಲ್ಲಿ ಕೂಡಿದ ಸ್ತ್ರೀಮತಾಧಿಕಾರದ ಅಂತರರಾಷ್ಟ್ರೀಯ ಪರಿಷತ್ತಿನಲ್ಲಿ ತನ್ನ ದೇಶದ ಪರವಾಗಿ ಕುಳಿತಳು.

ಮುಂದೆ ಸರಕಾರವೇ ಹೆಂಗಸಿನ ತಲೆಗೆ ಕೈಯಿಕ್ಕಿತು. 1936 ರ ಜನವರಿಯಲ್ಲಿ ರಜಾಶಹನು ಪರದೆಯನ್ನು ನಿಷೇಧಿಸಿದನು. ಪೋಲೀಸರು ಬೀದಿಯಲ್ಲಿ ಚಾದರಗಳನ್ನು ಎಳೆದು ತೆಗೆದರು. ನಾಚಿದ ಮುದುಕಿಯರು ಮನೆಯ ಹೊಸಿಲನ್ನೇ ದಾಟದಾದರು. ಸುಧಾರಣೆಯೆಂದು ಇದನ್ನು ಹೊಗಳುವವರಿದ್ದಾರೆ; ನನಗಂತೂ ಒಪ್ಪಿಗೆಯಿಲ್ಲ. 1963 ರಲ್ಲಿ ಮತಾಧಿಕಾರವೂ 1967 ರಲ್ಲಿ ಕುಟುಂಬ ರಕ್ಷಣೆಯ ಕಾನೂನೂ ಬಂದವು. 1979 ರ ಕ್ರಾಂತಿಯಾದೊಡನೆ ಆ ಕಾನೂನು ಹೋಯಿತು. ಕಚೇರಿಗೆ ತಲೆ ಮುಚ್ಚಿಯೇ ಬರತಕ್ಕದ್ದೆಂಬ ಅಪ್ಪಣೆಯಾಯಿತು. ಮಾರ್ಚ 8 ರಂದು ಸಾವಿರಾರು ಸ್ತ್ರೀಯರು ತೆಹರಾನಿನ ಬೀದಿಗಿಳಿದರು. ತೆಗೆಯುವಾಗಲೂ ತೊಡಿಸುವಾಗಲೂ ಅವರನ್ನು ಕೇಳಿದವರಿಲ್ಲ. ಶಿಕ್ಷಣಮಂತ್ರಿಯಾಗಿದ್ದ ಫರ್ರುಖ್‌ರೂ ಪಾರ್ಸಾ ಅವರಿಗೆ 1980 ರಲ್ಲಿ ಮರಣದಂಡನೆಯಾಯಿತು. ಸ್ತ್ರೀಯರ ಖಾತೆಯ ಮಂತ್ರಿಯಾಗಿದ್ದ ಮಹನಾಜ ಅಫ್ಖಮಿಯವರು ಆಗ ಅಮೇರಿಕೆಯಲ್ಲಿದ್ದರು; ಅಲ್ಲಿಯೇ ಉಳಿಯಬೇಕಾಯಿತು. ನ್ಯಾಯಾಧೀಶರಾಗಿದ್ದ ಶಿರೀನ ಎಬಾದಿಯವರನ್ನು ಗುಮಾಸ್ತೆಯ ಕೆಲಸಕ್ಕೆ ಇಳಿಸಿದರು. ಅವರು ಊರು ಬಿಡದೆ ವಕೀಲಿಯನ್ನು ಮಾಡಿ 2003 ರಲ್ಲಿ ನೊಬೆಲ್ ಶಾಂತಿ ಪಾರಿತೋಷಕವನ್ನು ಪಡೆದರು. 2009 ರಿಂದ ಅವರದೂ ದೇಶಾಂತರವಾಸವೇ.

2022 ರ ಸೆಪ್ಟೆಂಬರದಲ್ಲಿ ಮುಸುಕಿನ ನೆಪದಿಂದ ಹಿಡಿಯಲ್ಪಟ್ಟ 22 ವರ್ಷದ ಕುರ್ದೀ ತರುಣಿ ಮಹಸಾ ಅಮೀನಿಯು ಪೋಲೀಸರ ವಶದಲ್ಲಿ ತೀರಿಕೊಂಡಳು. ಆಗ ಎದ್ದ ಕೂಗು ಕುರ್ದೀ ಹೆಂಗಸರಿಂದ ಬಂದದ್ದು. ಪಾರಸಿಯಲ್ಲಿ ‘ಜನ್, ಜಿಂದಗಿ, ಆಜಾದಿ’. ಆಳಂದದ ಪೇಟೆಯಲ್ಲಿ ಇದರ ಕಡೆಯ ಎರಡು ಮಾತುಗಳಿಗೆ ಅರ್ಥ ಹೇಳುವ ಕಾರಣವಿಲ್ಲ.

ಮರುವರ್ಷದ ನೊಬೆಲ್ ಶಾಂತಿ ಪಾರಿತೋಷಕವು ನರ್ಗಿಸ ಮೊಹಮ್ಮದಿಯವರಿಗೆ ದೊರೆಯಿತು. ಅವರು ತೆಹರಾನಿನ ಎವೀನ್ ಸೆರೆಮನೆಯಲ್ಲಿದ್ದರು. 2023 ರ ಡಿಸೆಂಬರ 10 ರಂದು ಓಸ್ಲೋ ನಗರದ ಸಭೆಯಲ್ಲಿ ಅವರ ಕುರ್ಚಿಯನ್ನು ಬರಿದಾಗಿಯೇ ಇರಿಸಿದ್ದರು. ಪಾರಿಸಿನಲ್ಲಿ ಬೆಳೆದ ಅವರ 17 ವರ್ಷದ ಅವಳಿ ಮಕ್ಕಳು, ತಾಯಿಯ ಮುಖವನ್ನು ಕಂಡು ಎಂಟು ವರ್ಷಗಳಾಗಿದ್ದವರು, ಆಕೆಯ ಭಾಷಣವನ್ನು ಓದಿದರು. ಓದಿದ್ದು ಫ್ರೆಂಚ್ ಭಾಷೆಯಲ್ಲಿ.