ಕೊಲೆಗಾರನ ಮೇಲೆ ಮನಸ್ಸು: ಮಾರ್‌ಸ್ಟ್ರಾಂಡಿನ ಎಲ್ಸಲಿಲ್, ನಮ್ಮ ಅಮೃತಮತಿ

ನಮ್ಮ ವಾರ್ಷಿಕ ಸಂಚಿಕೆಯಲ್ಲಿ ಹಂಪಿ, ಬಾದಾಮಿ, ಏಕೀಕರಣದ ಬಗ್ಗೆ ಲೇಖನಗಳು ಬರುತ್ತವೆ. ಬರಲೇಬೇಕು. ಈ ಸಲ ನಾನು ಹಿಡಿದಿರೋದು ಬೇರೆ ತರದ ಇತಿಹಾಸ. ಕೊಲೆ ಮಾಡುವ ಪ್ರಿಯಕರ, ಕೊಲೆ ಮಾಡುವ ಪ್ರಿಯತಮೆ, ಇಂಥವರ ಕಥೆಯನ್ನು ಜನ ಯಾಕೆ ಅಷ್ಟು ಆಸೆಯಿಂದ ಓದುತ್ತಾರೆ? ಯಾವ ಕಾಲದಿಂದ ಓದುತ್ತಿದ್ದಾರೆ? ಹಾಸನದ ಕಡೆಯ ಐಟಿಐ ಓದಿದ ಎಲೆಕ್ಟ್ರಿಷಿಯನ್‌ಗೆ ಈ ವಿಷಯ ಯಾಕೆ ಅಂತ ನಗಬೇಡಿ. ಕಾರಣ ಮುಂದೆ ಹೇಳುತ್ತೇನೆ.

ಈಗ ಇಲ್ಲಿನ ಪುಸ್ತಕದಂಗಡಿಗಳಲ್ಲಿ ‘ಡಾರ್ಕ್ ರೊಮ್ಯಾನ್ಸ್’ ಅಂತಲೇ ಒಂದು ಜಾತಿ ಇದೆ. ನಾಯಕ ಗೂಂಡಾ ಆಗಿರಬಹುದು, ಸುಪಾರಿ ಕೊಲೆಗಾರ ಆಗಿರಬಹುದು, ನಾಯಕಿಯ ಮನೆಗೆ ಕದ್ದು ನುಗ್ಗುವವನೂ ಆಗಿರಬಹುದು. 2021ರಲ್ಲಿ ಬಂದ ಎಚ್. ಡಿ. ಕಾರ್ಲ್‌ಟನ್ ಅವರ ‘ಹಾಂಟಿಂಗ್ ಅಡೆಲಿನ್’ ಅಂಥದ್ದೇ ಕಾದಂಬರಿ. ಅದರಲ್ಲಿ ಹುಡುಗಿಯ ಬೆನ್ನು ಬೀಳುವವನೇ ನಾಯಕ, ಅವನೇ ಕೊಲೆಗಾರ. ಟಿಕ್‌ಟಾಕ್‌ನಲ್ಲಿ ಇಂಥ ಪುಸ್ತಕಗಳಿಗೆ ದೊಡ್ಡ ಅಭಿಮಾನಿ ಬಳಗವೇ ಇದೆ. ಎಷ್ಟೋ ಪುಸ್ತಕಗಳ ಮೊದಲ ಪುಟದಲ್ಲೇ ‘ಒಳಗೆ ಇಂಥಿಂಥ ಹಿಂಸೆ ಇದೆ, ನೋಡಿಕೊಂಡು ಓದಿ’ ಅಂತ ಎಚ್ಚರಿಕೆ ಇರುತ್ತದೆ, ನಮ್ಮ ಪ್ಯಾನಲ್ ಬೋರ್ಡಿನ ಮೇಲೆ ‘ಅಪಾಯ’ ಅಂತ ಬರೆದ ಹಾಗೆ. ಬೋರ್ಡ್ ನೋಡಿ ಜನ ದೂರ ಹೋಗುತ್ತಾರೆ, ಪುಸ್ತಕ ನೋಡಿ ಹತ್ತಿರ ಬರುತ್ತಾರೆ, ಅಷ್ಟೇ ವ್ಯತ್ಯಾಸ.

ಇದೆಲ್ಲ ಈಗಿನ ಹುಡುಗಿಯರ ಹುಚ್ಚು ಅನ್ನುವವರು ಸ್ವೀಡನ್ನಿನ ಹಳೇ ಕಥೆ ಕೇಳಬೇಕು.

ಇಲ್ಲಿ ಹಿಂದೆ ‘ಶಿಲ್ಲಿಂಗ್‌ಟ್ರಿಕ್’ ಅನ್ನುವ ಸಣ್ಣ ಹಾಡಿನ ಪುಸ್ತಕಗಳಿದ್ದವು. ಶಿಲ್ಲಿಂಗ್ ಅಂದರೆ ಚಿಲ್ಲರೆ ಕಾಸು, ಟ್ರಿಕ್ ಅಂದರೆ ಅಚ್ಚು. ಕೆಲವೇ ಪುಟ, ಅಗ್ಗದ ಕಾಗದ. ಸಂತೆಯಲ್ಲಿ ಮಾರುತ್ತಿದ್ದರು. ರಾಗದ ಗುರುತು ಹಾಕುತ್ತಿರಲಿಲ್ಲ, ಜನರಿಗೆ ಗೊತ್ತಿರುವ ಯಾವುದೋ ಹಾಡಿನ ಧಾಟಿಯಲ್ಲಿ ಹಾಡಿಕೊಳ್ಳಿ ಅಂತ ಬರೆದಿರುತ್ತಿದ್ದರು. ನಮ್ಮ ಜಾತ್ರೆಗಳಲ್ಲಿ ಲಾವಣಿ ಪುಸ್ತಕ, ಕಥೆ ಪದದ ಪುಸ್ತಕ ಮಾರುತ್ತಿದ್ದರಲ್ಲ, ಹಾಗೇನೆ. ದೇವರ ಹಾಡು, ಹಡಗು ಮುಳುಗಿದ ಹಾಡು, ಕೊಲೆಯ ಹಾಡು, ಮೋಸ ಹೋದ ಹುಡುಗಿಯ ಹಾಡು ಎಲ್ಲವೂ ಅದರಲ್ಲಿ ಬರುತ್ತಿದ್ದವು. ಮನೆಗೆಲಸದ ಹೆಂಗಸರು, ಸೈನಿಕರು, ಕೂಲಿಗಳು, ಅಂದರೆ ನಮ್ಮಂಥವರೇ ಅವುಗಳನ್ನು ಕೊಂಡು ಹಾಡಿದವರು.

ಅಂಥ ಹಾಡುಗಳ ಸಾಲಿನಲ್ಲಿ ಎಲ್ಲರಿಗಿಂತ ಹೆಚ್ಚು ಹೆಸರಾದವಳು ಎಲ್ವಿರಾ ಮಾಡಿಗನ್. ಸರ್ಕಸ್ಸಿನಲ್ಲಿ ಹಗ್ಗದ ಮೇಲೆ ನಡೆಯುತ್ತಿದ್ದ ಹುಡುಗಿ. ಸಿಕ್ಸ್ಟೆನ್ ಸ್ಪಾರೆ ಅನ್ನುವ ಸ್ವೀಡಿಷ್ ಕುದುರೆ ಪಡೆಯ ಲೆಫ್ಟಿನೆಂಟ್ ಅವಳನ್ನು ಕಂಡು ಮನಸೋತ. 1889ರಲ್ಲಿ ಇಬ್ಬರೂ ಓಡಿಹೋಗಿ ಡೆನ್ಮಾರ್ಕ್ ಸೇರಿದರು. ಸ್ವೆನ್‌ಬೋರ್ಗ್ ಊರಿನ ಹೋಟೆಲಿನಲ್ಲಿದ್ದು, ಆಮೇಲೆ ಹತ್ತಿರದ ಟೋಸಿಂಗೆ ದ್ವೀಪಕ್ಕೆ ಹೋದರು. ಕೈಯಲ್ಲಿ ದುಡ್ಡು ಮುಗಿಯಿತು. ಆ ಜುಲೈ ತಿಂಗಳಲ್ಲಿ ಅಲ್ಲಿನ ಕಾಡಿನಲ್ಲಿ ಸಿಕ್ಸ್ಟೆನ್ ಅವಳನ್ನು ರಿವಾಲ್ವರ್‌ನಿಂದ ಕೊಂದು, ತಾನೂ ಗುಂಡು ಹೊಡೆದುಕೊಂಡ. ಅವಳಿಗೆ 21 ವರ್ಷ, ಅವನಿಗೆ 34. ಅವನಿಗೆ ಊರಿನಲ್ಲಿ ಹೆಂಡತಿ ಇದ್ದಳು, ಇಬ್ಬರು ಮಕ್ಕಳಿದ್ದರು, ತಲೆತುಂಬ ಸಾಲವೂ ಇತ್ತು.

ಅದೇ ವರ್ಷ ಯೊಹಾನ್ ಲಿಂಡ್‌ಸ್ಟ್ರೋಮ್ ಸ್ಯಾಕ್ಸನ್ ಅನ್ನುವ ಪತ್ರಕರ್ತ ಇದರ ಮೇಲೆ ಹಾಡು ಕಟ್ಟಿದ. ದೇಶವೆಲ್ಲ ಹಾಡಿತು. 1943ರಲ್ಲಿ ಒಂದು ಸಿನಿಮಾ ಬಂತು. 1967ರಲ್ಲಿ ಬೂ ವಿಡರ್‌ಬರಿ ಇನ್ನೊಂದು ಸಿನಿಮಾ ಮಾಡಿದ. ಬಿಸಿಲು, ಹುಲ್ಲುಗಾವಲು, ಚಿಟ್ಟೆ, ಮೊಜಾರ್ಟನ ಸಂಗೀತ. ನಟಿ ಪಿಯಾ ಡೆಗರ್‌ಮಾರ್ಕ್‌ಗೆ ಕಾನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟಿ ಪ್ರಶಸ್ತಿ ಸಿಕ್ಕಿತು. ಮೊಜಾರ್ಟನ 21ನೇ ಪಿಯಾನೋ ಕಾನ್ಚೆರ್ಟೋಗೆ ಜನ ‘ಎಲ್ವಿರಾ ಮಾಡಿಗನ್’ ಅಂತಲೇ ಹೆಸರಿಟ್ಟರು. ಕೊಲೆ ಹೋಗಿ ಪ್ರೇಮ ಉಳಿಯಿತು. ಆ ಹುಡುಗಿಯ ನಿಜವಾದ ಹೆಸರು ಹೆಡ್ವಿಗ್ ಯೆನ್ಸನ್. ಟೋಸಿಂಗೆಯ ಸಮಾಧಿ ಕಲ್ಲಿನ ಮೇಲೆ ಆ ಹೆಸರಿದೆ. ಹಾಡಿನಲ್ಲಿ ಇಲ್ಲ. ಸಾಯೋಕೆ ಅವಳು ಒಪ್ಪಿದ್ದಳಾ? ಉತ್ತರ ಹೇಳಬೇಕಾದವಳ ಬಾಯಿ ಗುಂಡು ಹೊಡೆದವನೇ ಮುಚ್ಚಿದ್ದ. ಅವಳ ಪರವಾಗಿ ಹಾಡಿದವರೆಲ್ಲ ‘ಒಪ್ಪಿದ್ದಳು’ ಅಂತಲೇ ಹಾಡಿಕೊಂಡು ಬಂದರು.

ಇನ್ನೊಂದು ಕಥೆ ಗೋಥೆನ್‌ಬರ್ಗ್ ಕಡೆ ಇರುವವರಿಗೆ ತೀರಾ ಹತ್ತಿರದ್ದು. ಬರೆದವರು ಸೆಲ್ಮಾ ಲಾಗರ್‌ಲೋಫ್. 1909ರಲ್ಲಿ ಸಾಹಿತ್ಯದ ನೊಬೆಲ್ ಪಡೆದವರು, ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ. ಅವರ ‘ಹೆರ್ ಆರ್ನೆಸ್ ಪೆನ್ನಿಂಗಾರ್’, ಅಂದರೆ ‘ಆರ್ನೆ ಸ್ವಾಮಿಯ ಹಣ’, 1904ರಲ್ಲಿ ಪುಸ್ತಕವಾಯಿತು. ಕಥೆ ನಡೆಯೋದು 1500ರ ದಶಕಗಳಲ್ಲಿ, ಬೂಹುಸ್‌ಲೆನ್ ಸೀಮೆಯಲ್ಲಿ. ಆಗ ಅದು ಸ್ವೀಡನ್ ಅಲ್ಲ, ಡೆನ್ಮಾರ್ಕ್ ರಾಜನ ಕೈಕೆಳಗಿನ ನಾರ್ವೆ. ಸ್ವೀಡನ್ನಿಗೆ ಸೇರಿದ್ದು 1658ರಲ್ಲಿ. ನಮ್ಮ ಕಾಸರಗೋಡಿನ ಹಾಗೆ ಗಡಿ ಬದಲಾದ ನಾಡು.

ಸೂಲ್‌ಬರ್ಯ ಅನ್ನುವ ಊರಿನ ಪಾದ್ರಿ ಆರ್ನೆಯ ಮನೆಗೆ ಮೂವರು ಸ್ಕಾಟ್ಲೆಂಡಿನ ಕೂಲಿ ಸೈನಿಕರು ನುಗ್ಗಿ ಎಲ್ಲರನ್ನೂ ಕೊಂದು ಹಣದ ಪೆಟ್ಟಿಗೆ ಹೊತ್ತುಕೊಂಡು ಹೋಗುತ್ತಾರೆ. ಬದುಕಿ ಉಳಿದವಳು ಆ ಮನೆಯಲ್ಲಿ ಬೆಳೆದ ಅನಾಥ ಹುಡುಗಿ ಎಲ್ಸಲಿಲ್ ಒಬ್ಬಳೇ. ಅವಳ ಪ್ರಾಣಕ್ಕೆ ಪ್ರಾಣವಾಗಿದ್ದ ಸಾಕು ಅಕ್ಕ ಸತ್ತಳು. ಎಲ್ಸಲಿಲ್ ಮಾರ್‌ಸ್ಟ್ರಾಂಡಿಗೆ ಬಂದು ಮೀನು ಕೊಯ್ಯುವ ಕೆಲಸಕ್ಕೆ ಸೇರುತ್ತಾಳೆ. ಅಲ್ಲಿಗೆ ಸರ್ ಆರ್ಚಿ ಅನ್ನುವ ಅಂದಗಾರ ಬರುತ್ತಾನೆ. ಮೀನಿನ ವಾಸನೆಯ ಕೈ ಇರುವ ಈ ಹುಡುಗಿಯನ್ನು ಸ್ಕಾಟ್ಲೆಂಡಿಗೆ ಕರೆದುಕೊಂಡು ಹೋಗಿ ದೊಡ್ಡ ಮನೆಯ ಒಡತಿ ಮಾಡುತ್ತೇನೆ ಅನ್ನುತ್ತಾನೆ. ಅವಳು ಪ್ರೀತಿಸುತ್ತಾಳೆ. ಅವನೇ ಕೊಲೆಗಾರ.

ಲಾಗರ್‌ಲೋಫ್ ಇಲ್ಲಿ ಮಾಡಿದ ಒಂದು ಕೆಲಸ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಸತ್ತ ಅಕ್ಕನನ್ನು ಅವರು ಸುಮ್ಮನೆ ಮಣ್ಣಲ್ಲಿ ಬಿಡುವುದಿಲ್ಲ. ಅಕ್ಕನ ಆತ್ಮ ಬಂದು ಊರಿನ ಹೆಂಡದಂಗಡಿಯಲ್ಲಿ ಕೆಲಸಕ್ಕೆ ನಿಲ್ಲುತ್ತದೆ. ಸತ್ಯ ಹೊರಗೆ ಬರುವ ತನಕ ತಂಗಿಯನ್ನು ಬಿಡುವುದಿಲ್ಲ. ಎಲ್ಸಲಿಲ್‌ಗೆ ಸತ್ಯ ತಿಳಿಯುತ್ತದೆ. ಕೊಲೆಗಾರರ ಸುಳಿವು ಕೊಡುತ್ತಾಳೆ, ಆದರೂ ಮನಸ್ಸು ತಡೆಯದೆ ಅವನಿಗೂ ಎಚ್ಚರ ಹೇಳುತ್ತಾಳೆ. ಕಾವಲಿನವರು ಈಟಿ ಹಿಡಿದು ಸುತ್ತುವರಿದಾಗ ಆ ಪ್ರೇಮಿ ಮಾಡಿದ್ದೇನು? ಅವಳನ್ನೇ ಎತ್ತಿ ಗುರಾಣಿ ಮಾಡಿಕೊಂಡ. ಅವಳು ಈಟಿಯೊಂದನ್ನು ತಾನೇ ಎಳೆದು ಎದೆಗೆ ಚುಚ್ಚಿಕೊಂಡಳು. ಹಡಗು ಹೊರಡಬೇಕು, ಸಮುದ್ರ ಹೆಪ್ಪುಗಟ್ಟಿದೆ. ಕೊನೆಗೆ ಮಾರ್‌ಸ್ಟ್ರಾಂಡಿನ ಹೆಂಗಸರು ಮಂಜುಗಡ್ಡೆಯ ಮೇಲೆ ಸಾಲಾಗಿ ನಡೆದು ಬಂದು ಅವಳ ಶವ ಒಯ್ಯುತ್ತಾರೆ. 1919ರಲ್ಲಿ ಮೌರಿಟ್ಸ್ ಸ್ಟಿಲ್ಲರ್ ಇದನ್ನು ಮೂಕಿ ಚಿತ್ರ ಮಾಡಿದರು. ಹಿಮದ ಮೇಲಿನ ಆ ಮೆರವಣಿಗೆ ಇಂದಿಗೂ ಹೆಸರುವಾಸಿ.

ಹಾಗಾದರೆ ನಮ್ಮಲ್ಲಿ ಇಂಥದ್ದು ಇಲ್ಲವಾ? ಸ್ವೀಡನ್ನಿಗಿಂತ ಬಹಳ ಮುಂಚೆಯೇ ಇದೆ. ನಮ್ಮ ಹಾಸನ ಜಿಲ್ಲೆಯ ಹಳೇಬೀಡಿನಲ್ಲಿ, ಅಂದರೆ ಅಂದಿನ ದೋರಸಮುದ್ರದಲ್ಲಿ ಹೊಯ್ಸಳ ವೀರಬಲ್ಲಾಳನ ಆಸ್ಥಾನವಿತ್ತು. ಅಲ್ಲಿ ಕವಿಚಕ್ರವರ್ತಿ ಅನ್ನಿಸಿಕೊಂಡವನು ಜನ್ನ. 1209ರಲ್ಲಿ ‘ಯಶೋಧರ ಚರಿತೆ’ ಬರೆದ. ರಾಣಿ ಅಮೃತಮತಿಗೆ ರೂಪವಂತ ರಾಜ ಯಶೋಧರ ಗಂಡ. ಒಂದು ರಾತ್ರಿ ಆನೆಲಾಯದ ಮಾವುತ ಅಷ್ಟಾವಂಕ ಹಾಡುವುದು ಕಿವಿಗೆ ಬೀಳುತ್ತದೆ. ಮುಖ ನೋಡುವ ಮೊದಲೇ ಮನಸ್ಸು ಹೋಯಿತು. ಅವನು ಕುರೂಪಿ, ಒರಟ. ಅವಳು ತಡವಾಗಿ ಬಂದ ರಾತ್ರಿ ಹೊಡೆಯುತ್ತಾನೆ. ಅವಳು ಅವನ ಕಾಲಿಗೇ ಬೀಳುತ್ತಾಳೆ. ಮರೆಯಲ್ಲಿ ನಿಂತ ರಾಜ ಎಲ್ಲ ನೋಡಿ, ಕತ್ತಿ ಎತ್ತಿದವನು ತಡೆದುಕೊಳ್ಳುತ್ತಾನೆ. ಗಂಡನಿಗೆ ಗೊತ್ತಾಗಿದೆ ಅಂತ ತಿಳಿದ ಅಮೃತಮತಿ ಊಟದಲ್ಲಿ ವಿಷ ಹಾಕಿ ಗಂಡನನ್ನೂ ಅತ್ತೆಯನ್ನೂ ಕೊಲ್ಲುತ್ತಾಳೆ. 800 ವರ್ಷದ ಹಿಂದಿನ ಕನ್ನಡದಲ್ಲಿ ಡಾರ್ಕ್ ರೊಮ್ಯಾನ್ಸ್ ಬೇಕಾ, ತಗೊಳ್ಳಿ. ಇದೇ ಕಥೆ ಹಿಡಿದು ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ ನಾಟಕ ಬರೆದರು.

ಜನ್ನ ಅಲ್ಲಿಗೆ ನಿಲ್ಲಲಿಲ್ಲ. 1230ರ ‘ಅನಂತನಾಥ ಪುರಾಣ’ದಲ್ಲಿ ಚಂಡಶಾಸನನ ಕಥೆ ತಂದ. ಇವನು ಗೆಳೆಯ ವಸುಷೇಣನ ಹೆಂಡತಿ ಸುನಂದೆಯನ್ನು ಕಂಡು ಹುಚ್ಚನಾಗುತ್ತಾನೆ. ಹೊತ್ತುಕೊಂಡು ಹೋಗುತ್ತಾನೆ. ಅವಳು ಒಪ್ಪಲಿಲ್ಲ ಅಂತ ಗಂಡನ ತಲೆ ಅಂತ ಸುಳ್ಳು ತಲೆ ತೋರಿಸುತ್ತಾನೆ. ಅದನ್ನು ನೋಡಿ ಅವಳ ಪ್ರಾಣ ಹೋಗುತ್ತದೆ. ಅವಳ ಚಿತೆಗೆ ಇವನೂ ಬೀಳುತ್ತಾನೆ. ಸಿಕ್ಸ್ಟೆನ್ ಸ್ಪಾರೆಯ ಅಣ್ಣನ ಹಾಗಿದ್ದಾನೆ ಚಂಡಶಾಸನ. ಆದರೆ ಜನ್ನ ಒಂದು ವಿಷಯ ಮುಚ್ಚಿಡಲಿಲ್ಲ. ಸುನಂದೆ ‘ಒಲ್ಲೆ’ ಅಂದಿದ್ದು ಅವನ ಕಾವ್ಯದಲ್ಲಿ ಕೇಳಿಸುತ್ತದೆ.

ಇನ್ನು ಮೊದಲ ಪ್ರಶ್ನೆ. ಜನಕ್ಕೆ ಇದೆಲ್ಲ ಯಾಕೆ ಇಷ್ಟ? ಕೆಲವರು ತಕ್ಷಣ ‘ಸ್ಟಾಕ್‌ಹೋಮ್ ಸಿಂಡ್ರೋಮ್’ ಅನ್ನುತ್ತಾರೆ, ಹಿಡಿದಿಟ್ಟವನನ್ನೇ ಪ್ರೀತಿಸುವ ಕಾಯಿಲೆ ಅಂತ. ಆ ಹೆಸರು ಹುಟ್ಟಿದ್ದು 1973ರ ಆಗಸ್ಟ್‌ನಲ್ಲಿ, ಸ್ಟಾಕ್‌ಹೋಮಿನ ನೋರ್ಮಾಲ್ಮ್‌ಸ್ಟೋರಿಯ ಬ್ಯಾಂಕಿನಲ್ಲಿ. ದರೋಡೆಗಾರ ನಾಲ್ವರನ್ನು ಆರು ದಿನ ಒತ್ತೆ ಇಟ್ಟುಕೊಂಡಿದ್ದ. ಒತ್ತೆಯಲ್ಲಿದ್ದ ಕ್ರಿಸ್ಟಿನ್ ಎನ್‌ಮಾರ್ಕ್ ಪ್ರಧಾನಿ ಓಲೋಫ್ ಪಾಲ್ಮೆ ಜೊತೆ ಫೋನಿನಲ್ಲಿ ಮಾತಾಡಿ, ತನಗೆ ಪೊಲೀಸರ ದಾಳಿಯದ್ದೇ ಹೆಚ್ಚು ಭಯ ಅಂದರು. ಅದಕ್ಕೆ ಕಾಯಿಲೆಯ ಹೆಸರು ಅಂಟಿಸಿದರು. ಅದು ಕಾಯಿಲೆಯಲ್ಲ, ಬದುಕಿ ಹೊರಬರಲು ಮಾಡಿದ ಲೆಕ್ಕ ಅಂತ ಆಕೆ ವರ್ಷಗಟ್ಟಲೆ ಹೇಳಿಕೊಂಡು ಬಂದರು. ಹಾಗಾಗಿ ಓದುಗರಿಗೆ ಈ ಹೆಸರು ಅಂಟಿಸಲು ನನಗೆ ಮನಸ್ಸಿಲ್ಲ.

ನಮ್ಮ ಸೈಟಿನಲ್ಲಿ ಪೇಂಟಿಂಗ್ ಕೆಲಸದ ಒಬ್ಬ ಹೆಂಗಸು ದಿನವಿಡೀ ಇಂಥ ಕಾದಂಬರಿಗಳನ್ನು ಕಿವಿಯಲ್ಲಿ ಕೇಳುತ್ತಾ ಗೋಡೆಗೆ ಬಣ್ಣ ಹೊಡೆಯುತ್ತಾರೆ. ಫೀಕಾ ಹೊತ್ತಲ್ಲಿ ಕೇಳಿದೆ, ಅಂಥವನು ನಿಜವಾಗಿ ಮನೆಗೆ ಬಂದರೆ? ‘112ಕ್ಕೆ ಫೋನ್ ಮಾಡ್ತೀನಿ’ ಅಂತ ನಕ್ಕರು. ಅವರ ಆ ಒಂದು ಮಾತಿನಲ್ಲಿ ಅರ್ಧ ಉತ್ತರ ಸಿಕ್ಕಿತು. ಪುಸ್ತಕದಲ್ಲಿ ಭಯದ ಸ್ವಿಚ್ಚು ಓದುವವರ ಕೈಯಲ್ಲಿ ಇರುತ್ತದೆ. ಬೇಡ ಅಂದರೆ ಮುಚ್ಚಬಹುದು. ಇನ್ನರ್ಧ ಉತ್ತರ ಎಲ್ಸಲಿಲ್ ಹತ್ತಿರ ಇದೆ. ಮನೆ ಇಲ್ಲ, ತನ್ನವರಿಲ್ಲ, ಮೀನು ಕೊಯ್ಯುವವಳನ್ನು ಯಾರೂ ತಿರುಗಿ ನೋಡುವುದಿಲ್ಲ. ಒಬ್ಬ ಮಾತ್ರ ‘ನೀನೇ ಬೇಕು, ಬೇರೆ ಯಾರೂ ಬೇಡ’ ಅನ್ನುತ್ತಾನೆ. ಪರದೇಶದಲ್ಲಿ ಒಂದು ರೂಮಿನಲ್ಲಿ ಮೂರು ನಾಲ್ಕು ಜನ ಮಲಗಿ, ಹೆಸರಿಗಿಂತ ಹೆಚ್ಚಾಗಿ ಐಡಿ ನಂಬರಿನಿಂದ ಗುರುತಾಗುವ ನಮಗೆ ಈ ಹಸಿವು ಗೊತ್ತಿಲ್ಲವಾ? ಓದುವವರನ್ನು ಹೀಯಾಳಿಸೋದು ಬೇಡ.

ನನ್ನ ತಕರಾರು ಕಥೆಯ ಮೇಲಲ್ಲ, ಕಥೆಯ ಭಾಷೆಯನ್ನು ಬದುಕಿಗೆ ತರುವವರ ಮೇಲೆ. ‘ಪ್ರೀತಿ ನಿರಾಕರಿಸಿದ್ದಕ್ಕೆ ಯುವತಿಯ ಕೊಲೆ’ ಅನ್ನೋ ತಲೆಬರಹವನ್ನು ನಾವೆಲ್ಲ ಊರಿನ ಪೇಪರಿನಲ್ಲಿ ಓದಿದ್ದೇವೆ. ಕೆಳಗೆ ಯಾರಾದರೂ ‘ಪಾಪ, ಅಷ್ಟು ಪ್ರೀತಿಸಿದ್ದ’ ಅಂತ ಬರೆದಿರುತ್ತಾರೆ. ಹೆಡ್ವಿಗ್‌ಳನ್ನು ಎಲ್ವಿರಾ ಮಾಡಿದ ಹಾಡು ಅಲ್ಲಿಯೇ ಶುರುವಾಗುತ್ತದೆ. ನಮ್ಮ ರೂಮುಗಳಲ್ಲೂ ಅದರ ಸಣ್ಣ ರೂಪ ಇದೆ. ಊರಿನಲ್ಲಿರುವ ಹೆಂಡತಿಗೆ ರಾತ್ರಿ ಹನ್ನೆರಡಕ್ಕೆ ವಿಡಿಯೋ ಕಾಲ್ ಮಾಡಿ ‘ರೂಮೆಲ್ಲ ತಿರುಗಿಸಿ ತೋರಿಸು’ ಅನ್ನೋದು, ಫೋನ್ ಎತ್ತದಿದ್ದರೆ ‘ಸತ್ತೋಗ್ತೀನಿ’ ಅನ್ನೋದು, ಆಮೇಲೆ ‘ಸಾಯಿಸ್ತೀನಿ’ ಅನ್ನೋದು. ಕೇಳಿದರೆ ಪ್ರೀತಿ ಜಾಸ್ತಿ ಅಂತಾರೆ. ಕಾದಂಬರಿಯ ನಾಯಕ ಬೆನ್ನು ಬಿದ್ದರೆ ಪುಟ ತಿರುಗುತ್ತದೆ. ನಿಜದಲ್ಲಿ ಬೆನ್ನು ಬೀಳೋದು ಸ್ವೀಡನ್ನಿನಲ್ಲಿ 2011ರಿಂದ ಪ್ರತ್ಯೇಕ ಅಪರಾಧ, ನಮ್ಮ ದೇಶದಲ್ಲಿ 2013ರಿಂದ. ಹೆಂಡತಿಯನ್ನು, ಜೊತೆಗಾತಿಯನ್ನು ಮತ್ತೆ ಮತ್ತೆ ಹಿಂಸಿಸುವುದಕ್ಕೆ ಇಲ್ಲಿ 1998ರಿಂದಲೇ ಬೇರೆ ಕಾನೂನು ಇದೆ. ಇಲ್ಲಿಗೆ ಹೆಂಡತಿಯನ್ನು ಕರೆದುಕೊಂಡು ಬಂದವರ ಮನೆಗಳಲ್ಲಿ ಈ ನಂಬರ್ ಹೆಂಗಸರಿಗೆ ಗೊತ್ತಿರಲಿ: 020-50 50 50, ಕ್ವಿನ್ನೋಫ್ರಿಡ್ಸ್‌ಲಿನ್ಯೆನ್. ದಿನದ 24 ಗಂಟೆಯೂ ಉಚಿತ, ದುಭಾಷಿಯೂ ಸಿಗುತ್ತಾರೆ.

ಬೇಸಿಗೆ ರಜೆಯಲ್ಲಿ ಮಾರ್‌ಸ್ಟ್ರಾಂಡಿಗೆ ಹೋಗಿ ಬನ್ನಿ. ಗೋಥೆನ್‌ಬರ್ಗ್‌ನಿಂದ ಬಸ್ಸು, ಆಮೇಲೆ ಸಣ್ಣ ಫೆರಿ. ಲಾಗರ್‌ಲೋಫ್ ಪುಸ್ತಕ ಇಲ್ಲಿನ ಲೈಬ್ರರಿಯಲ್ಲಿ ದುಡ್ಡಿಲ್ಲದೆ ಸಿಗುತ್ತದೆ, ಭಾಷೆ ಕಲಿಯುವವರಿಗೂ ಒಳ್ಳೆಯದು. ಊರಿಗೆ ಹೋದಾಗ ಜನ್ನನನ್ನು ಗದ್ಯಾನುವಾದದಲ್ಲಾದರೂ ಓದಿ. ಇಬ್ಬರೂ ಮೋಹದ ಬಗ್ಗೆ ನಾಚಿಕೆಯಿಲ್ಲದೆ ಬರೆದರು, ಕೊಲೆಯನ್ನು ಕೊಲೆ ಅಂತಲೇ ಕರೆದರು. ಕೊಲೆಗಾರ ಪ್ರೇಮಿಯ ಕಥೆ ಧಾರಾಳವಾಗಿ ಓದೋಣ. ಓದಿ ಮುಗಿಸಿದ ಮೇಲೆ ಸತ್ತವಳ ಹೆಸರು ನೆನಪಿದೆಯಾ ಅಂತ ಒಮ್ಮೆ ಕೇಳಿಕೊಂಡರೆ ಸಾಕು.